ಏಳು ತಿಂಗಳ ಸೀಟು

ನ್ಯಾಮತಿಯಿಂದ ದಾವಣಗೆರೆಗೆ ಹೊರಟ ಬೆಳಗಿನ ಬಸ್ಸಿನಲ್ಲಿ ಬೊಚ್ಚುಬಾಯಿಯ ಮುದುಕರೊಬ್ಬರು ಊರುಗೋಲು ಊರಿ ಎದ್ದು, ಸರ್ವಮಂಗಳಮ್ಮನಿಗೆ ಸೀಟು ಬಿಟ್ಟುಕೊಟ್ಟರು.

“ಕುತ್ಕಳವ್ವಾ. ಎರಡು ಜೀವ ಹೊತ್ಕಂಡು ನಿಂದ್ರಬಾರ್ದು.”

ಸರ್ವಮಂಗಳಮ್ಮನಿಗೆ ನಲವತ್ನಾಲ್ಕು ವರ್ಷ. ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ನಾಲ್ಕು ಹೆತ್ತವಳು, ಕೊನೆಯದು ಈಗಾಗಲೇ ಏಳನೇ ಕ್ಲಾಸಿನಲ್ಲಿ ಒಂದು ಸಲ ಫೇಲಾಗಿದೆ. ಮಕ್ಕಳೇನೋ ಹೊರಗೆ ಬಂದವು, ಹೊಟ್ಟೆ ಮಾತ್ರ ಇನ್ನೂ ಯಾರೋ ಬರುವವರಿದ್ದಾರೆ ಎಂಬಂತೆ ಹಾಗೇ ಕೂತುಬಿಟ್ಟಿತು. ಕೈಕಾಲು ನೋಡಿದರೆ ಕಡ್ಡಿ, ನಡುವೆ ಈ ಹೊಟ್ಟೆ. ದಪ್ಪಗಿರುವವರಿಗೆ ಹೊಟ್ಟೆ ಬಂದರೆ ಜನ ದಪ್ಪ ಎಂದು ಸುಮ್ಮನಾಗುತ್ತಾರೆ. ಸಣಕಲಿಗೆ ಬಂದರೆ ತಿಂಗಳು ಎಣಿಸುತ್ತಾರೆ.

“ನಾನು ಹಂಗಿಲ್ಲ ಅಜ್ಜಾ. ನೀವೇ ಕುತ್ಕಳ್ರಿ.”

ಇಡೀ ಬಸ್ಸು ಆಕೆಯ ಹೊಟ್ಟೆ ನೋಡಿತು. ಕಂಡಕ್ಟರ್ ಅಲ್ಲಿಂದಲೇ ಕೂಗಿದ: “ಹಠ ಮಾಡಬ್ಯಾಡ್ರಿ ಅಮ್ಮಾ! ರೋಡು ಸರಿ ಇಲ್ಲ, ಏನಾರ ಆದ್ರೆ ನಮ್ ತಲೆಗೆ ಬರ್ತೈತೆ.”

ಸರ್ವಮಂಗಳಮ್ಮ ಕೂರಲಿಲ್ಲ. ಒಮ್ಮೆ ಬಿಟ್ಟುಕೊಟ್ಟ ಸೀಟಿನಲ್ಲಿ ಮತ್ತೆ ಕೂರುವುದು ಮರ್ಯಾದೆಯಲ್ಲ ಎಂದು ಅಜ್ಜನೂ ಕೂರಲಿಲ್ಲ. ಹೊನ್ನಾಳಿಯಲ್ಲಿ ಹತ್ತಿದ ಒಬ್ಬ ಮಹರಾಯ ಅಲ್ಲಿ ತನ್ನ ಕುಂಬಳಕಾಯಿ ಮೂಟೆ ಇಟ್ಟ. ದಾವಣಗೆರೆ ತನಕ ಕುಂಬಳಕಾಯಿ ಕೂತಿತ್ತು, ಇವರಿಬ್ಬರೂ ನಿಂತಿದ್ದರು.

ಈ ಹೊಟ್ಟೆಯನ್ನು ಆಕೆ ಹನ್ನೆರಡು ಹದಿಮೂರು ವರ್ಷ ಸಹಿಸಿದ್ದಳು. ಹೆಡ್ಮಾಸ್ತರು ವರ್ಷಕ್ಕೊಮ್ಮೆ ತಗ್ಗಿದ ದನಿಯಲ್ಲಿ “ರಜೆ ಯಾವಾಗಿಂದ ಬೇಕಾಗ್ತದೆ ಟೀಚರ್?” ಎಂದು ಕೇಳುವುದನ್ನೂ ಸಹಿಸಿದ್ದಳು. ಆದರೆ ಹೋದ ತಿಂಗಳು ಹಿರಿಮಗಳು ರುದ್ರಾಣಿಯನ್ನು ನೋಡಲು ಬಂದ ಜಗಳೂರಿನವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಊರಿಗೆ ಹೋಗಿ ಹೇಳಿಕಳಿಸಿದರು: “ಬೀಗಿತಿ ಬಾಣಂತನನೂ ನಮ್ ಸೊಸೇನೇ ಮಾಡ್ಬೇಕಾಗ್ತೈತೆ. ನಮಗೆ ಬ್ಯಾಡ.”

ಈಗ ತ್ಯಾವಣಿಗೆಯ ಇನ್ನೊಂದು ಸಂಬಂಧ ಬಂದಿತ್ತು. ಹುಡುಗನನ್ನು ರುದ್ರಾಣಿ ಯಾರದೋ ಮದುವೆಯಲ್ಲಿ ನೋಡಿದ್ದಳು. ಆ ಊರಿನ ಹೆಸರೆತ್ತಿದರೆ ಸಾಕು, ಕಿವಿ ಕೆಂಪಗಾಗುತ್ತಿತ್ತು. ಅವನ ತಾಯಿ ಸೋಮವಾರ ಬರುವುದೆಂದು ಗೊತ್ತಾಗಿತ್ತು. “ಅಮ್ಮಾ, ಬೇಜಾರು ಮಾಡ್ಕಬ್ಯಾಡ,” ಎಂದಿದ್ದಳು ಮಗಳು, ನೆಲ ನೋಡುತ್ತ. “ಈ ಸಲ ನೀನು ಹೊರಗೆ ಬರಬ್ಯಾಡ. ಅಡಿಗೆಮನ್ಯಾಗೇ ಇರು.”

ಬೇಜಾರು ಮಾಡಿಕೊಳ್ಳಬೇಡ ಎಂದರೆ ಆಗುತ್ತದೆಯೇ? ಆ ಹೊಟ್ಟೆಯೊಳಗೆ ಮೊದಲು ಬಂದು ಮಲಗಿ ಅದನ್ನು ಹಿಗ್ಗಿಸಿದವಳೇ ರುದ್ರಾಣಿ!

ಜೊತೆಯ ಟೀಚರ್ ಹನುಮಂತಮ್ಮ ಯಾವುದೋ ವಾರಪತ್ರಿಕೆಯಲ್ಲಿ ಓದಿದ್ದಳು. ಜೋತುಬಿದ್ದ ಹೊಟ್ಟೆಯನ್ನು ಕತ್ತರಿಸಿ, ರವಿಕೆ ಪಟ್ಟಿ ಹಿಡಿದ ಹಾಗೆ ಬಿಗಿ ಮಾಡಿ ಹೊಲಿಯುತ್ತಾರಂತೆ. ಅಂಥ ಡಾಕ್ಟರೊಬ್ಬರು ಬೆಂಗಳೂರಿನಿಂದ ತಿಂಗಳಿಗೊಂದು ಗುರುವಾರ ದಾವಣಗೆರೆಗೆ ಬರುತ್ತಾರಂತೆ. “ಆಪರೇಷನ್ ಅಂದ್ರೆ ಖಾಲಿ ಹೊಟ್ಟೆ ಇರ್ಬೇಕು ನೋಡ್ರಿ,” ಎಂದೂ ಹೇಳಿದ್ದಳು. ಹಲ್ಲು ಕೀಳಿಸಿಕೊಂಡು ಬಂದ ಹಾಗೆ ಬೆಳಿಗ್ಗೆ ಹೋಗಿ ಸಂಜೆ ಬಂದರಾಯಿತು, ಸೋಮವಾರಕ್ಕೆ ಸಪಾಟಾಗಿರುತ್ತದೆ ಎಂದು ಸರ್ವಮಂಗಳಮ್ಮ ಲೆಕ್ಕ ಹಾಕಿದಳು. ರಾತ್ರಿಯಿಂದಲೇ ಉಪವಾಸ.

ಗಂಡ ಕಲ್ಲೇಶಪ್ಪ ತನ್ನ ಬೆತ್ತದ ಕುರ್ಚಿಯಿಂದ ಏಳದೆ “ಹೋಗಿ ಬಾ” ಎಂದಿದ್ದ. ಆ ಕುರ್ಚಿಯಿಂದ ಅವನು ಯಾವುದಕ್ಕೂ ಏಳುತ್ತಿರಲಿಲ್ಲ. ಪಕ್ಕದ ಮನೆಯ ಕೊಟ್ರಮ್ಮ ಮಾತ್ರ ದೋಸೆ ತಟ್ಟೆ ಹಿಡಿದು ಬಾಗಿಲಿಗೇ ಬಂದಿದ್ದಳು.

“ಬ್ಯಾಡ ಕಣ್ರೀ ಕೊಟ್ರಮ್ಮ, ಏನೂ ತಿನ್ನಂಗಿಲ್ಲ.”

“ತಿಂಡಿ ಸೇರವಲ್ದಾ?” ಕೊಟ್ರಮ್ಮನ ಕಣ್ಣು ಅರಳಿತು. “ನನಗೂ ಹಂಗೇ ಆಗ್ತಿತ್ತು. ಡಾಕ್ಟರಿಗೆ ತೋರ್ಸಾಕೆ ಹೊಂಟೀರೇನು? ಯಾರ ಮುಂದೂ ಹೇಳಲ್ಲ ಬಿಡ್ರಿ.”

“ಹಂಗೇನಿಲ್ರೀ!”

“ನಾನು ಇಂಥಾ ಹೊಟ್ಟೆ ಎಷ್ಟು ನೋಡಿಲ್ಲ,” ಎಂದು ನಕ್ಕು, ಕೊಟ್ರಮ್ಮ ತಟ್ಟೆ ಹಿಡಿದುಕೊಂಡೇ ಎದುರು ಮನೆಗೆ ಹೋದಳು.

ದಾವಣಗೆರೆಯ ಡಾಕ್ಟರು ಒಳ್ಳೆಯ ಮನುಷ್ಯ. ಮಧ್ಯಾಹ್ನದ ತನಕ ಕಾಯಿಸಿದರೂ ನಿಧಾನವಾಗಿ ನೋಡಿದರು.

“ಇದು ಬೊಜ್ಜಲ್ಲ ಅಮ್ಮ. ಹೆರಿಗೆಗಳಲ್ಲಿ ಒಳಗಿನ ಸ್ನಾಯು ಎರಡು ಕಡೆಗೆ ಸರಿದುಬಿಟ್ಟಿದೆ, ಚರ್ಮ ಜೋತಿದೆ. ಸರಿ ಮಾಡಬಹುದು. ಆದರೆ ಮೊದಲು ಕೆಲವು ವಿಷಯ ತಿಳಿದಿರಬೇಕು. ಈ ಸೊಂಟದಿಂದ ಆ ಸೊಂಟದವರೆಗೆ ಕತ್ತರಿಸಿದ ಗುರುತು ಉಳಿಯುತ್ತದೆ. ಸಕ್ಕರೆ ಕಾಯಿಲೆ, ರಕ್ತ ಎಲ್ಲ ಪರೀಕ್ಷೆ ಆಗಬೇಕು. ಹೊಗೆಸೊಪ್ಪು ಹಾಕ್ತೀರಾ?”

“ಊಟ ಆದ್ಮೇಲೆ, ಒಂದು ಚಿಟಿಕೆ.”

“ಇವತ್ತೇ ಬಿಡಬೇಕು, ಗಾಯ ಮಾಯುವುದಿಲ್ಲ. ಆಪರೇಷನ್ ಆದ ಮೇಲೆ ಎರಡು ವಾರ ನೆಟ್ಟಗೆ ನಿಲ್ಲೋಕಾಗಲ್ಲ, ಬಗ್ಗಿಕೊಂಡೇ ನಡೀಬೇಕು. ಆರು ವಾರ ಕೊಡ ಎತ್ತಬಾರದು, ರುಬ್ಬಬಾರದು, ಬಟ್ಟೆ ಒಗೀಬಾರದು. ಮನೇಲಿ ಯಾರು ಮಾಡ್ತಾರೆ?”

ಸರ್ವಮಂಗಳಮ್ಮನಿಗೆ ಬೆತ್ತದ ಕುರ್ಚಿ ನೆನಪಾಗಿ ನಗು ಬಂತು. ಆರು ವಾರ ಕೊಡ ಎತ್ತದಿರುವುದು! ಹೊಟ್ಟೆ ಇಳಿಯದಿದ್ದರೂ ಚಿಂತೆಯಿಲ್ಲ, ಅದೊಂದು ಸಿಕ್ಕರೂ ಸಾಕು ಅನ್ನಿಸಿತು.

“ಕೊನೆಯ ಒಂದು ವಿಷಯ ಅಮ್ಮ. ಇನ್ನು ಮಕ್ಕಳು ಬೇಕು ಅಂತ ಇದ್ದರೆ ಮಾಡಿಸಬೇಡಿ. ಇನ್ನೊಂದು ಬಸುರಾದರೆ ಮಾಡಿದ್ದೆಲ್ಲ ನೀರುಪಾಲು.”

“ಶಿವನೇ! ಅದೊಂದು ಬಿಟ್ಟು ಬೇರೆ ಏನಾರ ಹೇಳ್ರಿ ಸಾರ್. ಸೋಮವಾರದೊಳಗೆ ಆಗ್ತೈತಾ?”

ಡಾಕ್ಟರು ಕನ್ನಡಕ ತೆಗೆದು ಆಕೆಯನ್ನು ನೋಡಿದರು. ಆಪರೇಷನ್ ಮುಂದಿನ ತಿಂಗಳ ಗುರುವಾರಕ್ಕೆ ನಿಗದಿಯಾಯಿತು. ಸೋಮವಾರದ ಹೊಟ್ಟೆ ಹೊಟ್ಟೆಯಾಗಿಯೇ ಉಳಿಯಿತು.

ವಾಪಸ್ಸು ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಹಿಂದಿನ ರಾತ್ರಿಯಿಂದ ಬರೀ ನೀರು. ಕಾಲು ಬಾತಿದ್ದವು, ಕಣ್ಣು ಕತ್ತಲೆ ಬರುತ್ತಿತ್ತು. ಸಾಕಪ್ಪಾ ಸಾಕು ಎನ್ನುವಷ್ಟರಲ್ಲಿ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಪಕ್ಕದಲ್ಲಿದ್ದ ತನ್ನ ಸೊಸೆಯನ್ನು ತಿವಿದು ಎಬ್ಬಿಸಿದಳು. “ಏಳೇ, ಬಸುರಿ ಹೆಂಗಸು ನಿಂತೈತೆ. ಬಾರವ್ವಾ, ಇಲ್ಲಿ ಕುತ್ಕ. ಎಷ್ಟು ತಿಂಗಳು?”

ನಾನು ಹಂಗಿಲ್ಲ ಎಂಬ ಮಾತು ಸರ್ವಮಂಗಳಮ್ಮನ ತುದಿನಾಲಗೆಯಲ್ಲಿತ್ತು. ಆಡಿದರೆ ಸೀಟು ಹೋಗುತ್ತದೆ. ಆಕೆ ಸೀಟು ನೋಡಿದಳು. ಎಷ್ಟು ಅಗಲ, ಎಷ್ಟು ಮೆತ್ತಗೆ!

“ಏಳು ತಿಂಗಳು,” ಎಂದು ಕೂತಳು.

“ಎಷ್ಟನೇದು?”

“ಐದನೇದು.”

“ವಯಸ್ಸು?”

“ನಲವತ್ನಾಲ್ಕು.” ಪಾಪ, ಅದೊಂದನ್ನು ನಿಜ ಹೇಳಿದಳು.

“ಅಬ್ಬಬ್ಬಾ! ನಿನ್ ಹೊಟ್ಟೆ ತಣ್ಣಗಿರ್ಲಿ ತಾಯಿ!” ಆ ಹೆಂಗಸು ಎರಡೂ ಕೈಯಿಂದ ದೃಷ್ಟಿ ತೆಗೆದು ನೆಟಿಗೆ ಮುರಿದಳು. ನಿಂತಿದ್ದ ಸೊಸೆ ಮುಖ ತಿರುಗಿಸಿದಳು. “ಯಾವೂರವ್ವಾ?”

ಒಂದು ಸುಳ್ಳು ಬಸ್ಸು ಹತ್ತಿದ ಮೇಲೆ ಎರಡನೆಯದಕ್ಕೆ ಟಿಕೆಟ್ಟು ಬೇಡ. “ಸೂರಗೊಂಡನಕೊಪ್ಪ,” ಎಂದಳು. ಆ ಮಹಾತಾಯಿ ಗಂಟು ಬಿಚ್ಚಿ ಮಂಡಕ್ಕಿ, ಬಾಳೆಹಣ್ಣು ಕೊಟ್ಟಳು. ಸರ್ವಮಂಗಳಮ್ಮ ಎಲ್ಲವನ್ನೂ ತಿಂದಳು. ನಿಮ್ಮದು ಯಾವೂರು ಎಂದು ತಿರುಗಿ ಕೇಳುವ ತ್ರಾಣವೂ ಇರಲಿಲ್ಲ. ಹಾಗೇ ನಿದ್ದೆ ಬಂತು. ಎಚ್ಚರವಾದಾಗ ಹೊನ್ನಾಳಿ ದಾಟಿತ್ತು, ಅತ್ತೆ ಸೊಸೆ ಇಬ್ಬರೂ ಇಳಿದು ಹೋಗಿದ್ದರು. ಬಾಳಿನಲ್ಲಿ ಹೇಳಿದ ಸುಳ್ಳುಗಳಲ್ಲಿ ಇಷ್ಟು ಸುಖ ಕೊಟ್ಟದ್ದು ಇನ್ನೊಂದಿಲ್ಲ ಎಂದುಕೊಂಡು ಆಕೆ ಮನೆ ಸೇರಿದಳು.

ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಜೀಪು ನಿಂತಿತು. ರುದ್ರಾಣಿ ಓಡಿಬಂದಳು. “ಅಮ್ಮಾ, ತ್ಯಾವಣಿಗೆಯವರು ಇವತ್ತೇ ಬಂದ್ಬಿಟ್ರು! ಹೊನ್ನಾಳ್ಯಾಗೆ ಅವರ ಅಣ್ಣ ಮಹೇಶ್ವರಪ್ಪನೋರ ಮನೆಗೆ ಬಂದಿದ್ರಂತೆ, ಅಲ್ಲಿತನ ಬಂದಾಗೈತೆ, ನೋಡ್ಕಂಡೇ ಹೋಗಾಣ ಅಂದ್ರಂತೆ. ಅಮ್ಮಾ...”

“ಗೊತ್ತು. ಅಡಿಗೆಮನೆ,” ಎಂದು ಸರ್ವಮಂಗಳಮ್ಮ ತಾನೇ ಒಳಗೆ ಹೋಗಿ ರವೆ ಹುರಿಯಲು ಇಟ್ಟಳು.

ಹೊರಗೆ ಒಂದು ಹೆಣ್ಣುದನಿ ಕೇಳಿಸಿತು. ಎಲ್ಲೋ ಕೇಳಿದ ದನಿ. ಸೌಟು ಕೈಯಲ್ಲೇ ನಿಂತಿತು.

“ಬೀಗಿತಿ ಎಲ್ಲಿ?” ಎಂದಿತು ದನಿ.

“ಅವಳಿಗೆ ಮೈಯಾಗೆ ಆರಾಮಿಲ್ರೀ ಶಿವಗಂಗಮ್ನೋರೇ,” ಎಂದ ಕಲ್ಲೇಶಪ್ಪ.

“ಹಂಗಾರೆ ನಾನೇ ಹೋಗಿ ಮಾತಾಡಿಸ್ತೀನಿ.”

ಸರ್ವಮಂಗಳಮ್ಮ ಕೈಗೆ ಸಿಕ್ಕ ಮೊರವನ್ನು ಹೊಟ್ಟೆಗೆ ಅಡ್ಡ ಹಿಡಿದಳು. ಬಾಗಿಲಲ್ಲಿ ಶಿವಗಂಗಮ್ಮ ನಿಂತಿದ್ದಳು. ಅದೇ ಮಂಡಕ್ಕಿಯ ಮಹಾತಾಯಿ.

“ಅಯ್ಯೋ! ನೀನಾ?”

ಹಿಂದಿದ್ದ ರುದ್ರಾಣಿಯ ಮುಖ ಸುಣ್ಣದಂತಾಯಿತು. ಬೇಲಿ ಮೇಲಿದ್ದ ಓತಿಕ್ಯಾತನನ್ನು ಕಿವಿಯೊಳಗೆ ಬಿಟ್ಟುಕೊಂಡೆನಲ್ಲ ಎಂದುಕೊಂಡಳು ಸರ್ವಮಂಗಳಮ್ಮ. ನಿಜ ಹೇಳಿಬಿಡಬೇಕು. “ಅಕ್ಕಾ, ಬಸ್ಸಿನಾಗೆ ನಾನು ಹೇಳಿದ್ದು...”

“ಊರು ಸುಳ್ಳು ಹೇಳಿದ್ಯಲ್ಲ, ಅದಾ? ಮಗಳ ಮದ್ವೆ ಕಾಲದಾಗೆ ಹಿಂಗಾತಲ್ಲ ಅಂತ ನಾಚ್ಕೆ, ನನಗೆ ತಿಳೀದಾ?” ಶಿವಗಂಗಮ್ಮ ಮೊರ ಕಿತ್ತುಕೊಂಡು ಪಡಸಾಲೆಯಲ್ಲಿ ಕೂತಿದ್ದ ತನ್ನ ಅಣ್ಣನಿಗೆ ಕೇಳುವಂತೆ ಕೂಗಿದಳು: “ಅಣ್ಣಾ, ಇನ್ನೇನೂ ನೋಡಾದು ಬ್ಯಾಡ! ಈ ಸಂಬಂಧ ಗಟ್ಟಿ. ಇಬ್ರು ಸೊಸೇರು ಬಂದು ಆರು ವರ್ಷಾತು, ಮನ್ಯಾಗೆ ಒಂದು ತೊಟ್ಲು ಕಟ್ಟಿಲ್ಲ. ಇವತ್ತೂ ಹಿರಿಯಾಕೀನ ಲೇಡಿ ಡಾಕ್ಟ್ರಿಗೆ ತೋರಿಸ್ಕಂಡು ಬಂದೆ. ಈಯಮ್ಮ ನೋಡು, ನಲವತ್ನಾಲ್ಕಕ್ಕೆ ಐದನೇದು! ನೂಲಿನಂತೆ ಸೀರೆ, ತಾಯಿಯಂತೆ ಮಗಳು.”

ರುದ್ರಾಣಿ ತಾಯಿಯ ಹೊಟ್ಟೆಯನ್ನು ನೋಡಿದಳು. ಹುಟ್ಟಿದಾಗಿನಿಂದ ಅದನ್ನು ಅಷ್ಟು ಭಕ್ತಿಯಿಂದ ನೋಡಿರಲಿಲ್ಲ. ಆಮೇಲೆ ತಾಯಿಯ ಮುಖ ನೋಡಿ, ಕಣ್ಣಲ್ಲೇ ಕೈಮುಗಿದಳು.

ಸರ್ವಮಂಗಳಮ್ಮ ತೆರೆದ ಬಾಯನ್ನು ಮುಚ್ಚಿದಳು.

ಶಿವಗಂಗಮ್ಮ ರುದ್ರಾಣಿಗೆಂದು ತಂದಿದ್ದ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಕಣವನ್ನು ಮೊದಲು ತಾಯಿಯ ಉಡಿಗೇ ತುಂಬಿದಳು. ಉಡಿ ತುಂಬಲು ಬಂದವರಿಗೆ ಸೆರಗೊಡ್ಡದಿರುವುದುಂಟೆ? “ಕೂಸು ತೊಟ್ಲಿಗೆ ಹಾಕಿದ ದಿನಾನೇ ಲಗ್ನ ಕಟ್ಸಾಣ. ಅಲ್ಲಿತನ ಹದಿನೈದು ದಿನಕ್ಕೊಂದ್ಸಲ ಬಂದು ನೋಡ್ಕಂಡು ಹೋಗ್ತೀನಿ. ಏಳು ತಿಂಗಳಾಗೈತೆ, ಭಾರ ಎತ್ತಬ್ಯಾಡವ್ವಾ.”

“ನಾನು ಬೆಳಿಗ್ಗೇನೇ ಹೇಳಿದ್ದೆ!” ಎಂದಳು ಬಾಗಿಲಲ್ಲಿ ನಿಂತಿದ್ದ ಕೊಟ್ರಮ್ಮ, ಮತ್ತು ಉಳಿದ ಮನೆಗಳಿಗೂ ಹೇಳಲು ಹೊರಟಳು.

ಜೀಪು ಹೋಯಿತು. ಮುಂದಿನ ತಿಂಗಳ ಗುರುವಾರವೂ ಅದರ ಹಿಂದೆಯೇ ಹೋಯಿತು. ರುದ್ರಾಣಿ ಒಳಗೆ ಹಾಡು ಗುನುಗುತ್ತ ಲೋಟ ತೊಳೆಯುತ್ತಿದ್ದಳು. ಕಲ್ಲೇಶಪ್ಪ ಕುರ್ಚಿಯಲ್ಲಿ ಬೆವರುತ್ತ ಮೆಲ್ಲಗೆ ಕೇಳಿದ:

“ಅಲ್ಲಾ, ಎರಡು ತಿಂಗಳಿಗೆ ಕೂಸು ಎಲ್ಲಿಂದ ತರಾದೇ?”

ಸರ್ವಮಂಗಳಮ್ಮ ತುಂಬಿದ ಉಡಿ ಹಿಡಿದುಕೊಂಡೇ ಅವನ ಮುಂದೆ ನಿಂತಳು. “ಅದನ್ನ ನೀವು ಯೋಚ್ನೆ ಮಾಡ್ರಿ. ನನಗೆ ನಿಂದ್ರಾಕೆ ಆಗ್ತಿಲ್ಲ.”

ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಮೊದಲ ಸಲ ಕಲ್ಲೇಶಪ್ಪ ಎದ್ದು ಕುರ್ಚಿ ಬಿಟ್ಟುಕೊಟ್ಟ.