ಹೊಲಿಗೆ ಇಲ್ಲದ ಜೋಡು

ಐವತ್ತು ವರ್ಷ ಕುರಿ ಕಾಯ್ದ ಮನುಷ್ಯನನ್ನು ಕಂಡ ಕೂಡಲೇ ಅವನ ಕುರಿಗಳೇ ಎದ್ದು ಬಿದ್ದು ಓಡುತ್ತವೆ ಎಂದರೆ ನೀವು ನಂಬುತ್ತೀರಾ? ನಂಬಬೇಡಿ. ಚಿಮ್ಮಡಕ್ಕೆ ಬಂದು ಕಣ್ಣಾರೆ ನೋಡಿ. ನನ್ನ ಸೋದರಮಾವ ಕೈ ಬೀಸುತ್ತ ಹಟ್ಟಿಯ ಕಡೆ ಹೊರಟನೆಂದರೆ ಸಾಕು, ಹಿರೀ ಟಗರಿನಿಂದ ಹಿಡಿದು ಮೊನ್ನೆ ಹುಟ್ಟಿದ ಮರಿಯವರೆಗೆ ಎಲ್ಲವೂ ಬೇಲಿಯ ಆ ಮೂಲೆಗೆ ಒತ್ತಿಕೊಂಡು ನಿಲ್ಲುತ್ತವೆ. ಯಾಕೆಂದರೆ ಮಾಮಾ ಈಗ ಕುರಿ ಕಾಯುವುದು ಕಡಿಮೆ, ಕುರಿಗಳ ಮೇಲೆ ಸಂಶೋಧನೆ ಮಾಡುವುದೇ ಹೆಚ್ಚು! ಕುತ್ತಿಗೆಯಿಂದ ಒಂದು ಚಿಟಿಕೆ, ಬೆನ್ನಿನಿಂದ ಒಂದು ಚಿಟಿಕೆ, ತೊಡೆಯಿಂದ ಒಂದು ಚಿಟಿಕೆ ಉಣ್ಣೆ ಕಿತ್ತು, ಅಂಗೈಯಲ್ಲಿಟ್ಟು, ಉಗುಳು ಹಚ್ಚಿ ತಿಕ್ಕಿ, ಗಂಟು ಕಟ್ಟುತ್ತದೋ ಇಲ್ಲವೋ ಎಂದು ನೋಡುತ್ತಾನೆ. ಕಟ್ಟಿದರೆ ಆ ಕುರಿಗೆ ಶಾಬಾಸ್, ಕಟ್ಟದಿದ್ದರೆ ಅದರ ಅವ್ವ ಅಪ್ಪನಿಗೂ ಸೇರಿಸಿ ಬೈಗುಳ. ಯಾವ ಕುರಿ ತಾನೇ ಸಹಿಸೀತು ಹೇಳಿ?

ಈ ಹುಚ್ಚಿನ ಮೂಲವನ್ನು ಮೊದಲೇ ಹೇಳಿಬಿಡುತ್ತೇನೆ. ಮೂಲ ನಮ್ಮ ಅತ್ತಿ, ಮಾಮಾನ ಹೆಂಡತಿ. ಪ್ರತಿ ವರ್ಷ ದೀಪಾವಳಿ ಮುಗಿಯುತ್ತಲೇ ಇವರ ಕುರಿಗಳು ಮುಧೋಳ, ಲೋಕಾಪುರ ದಾಟಿ, ಬೀಳಗಿ ಸೀಮೆಯ ಅನಗವಾಡಿಯ ಹೊಳೆದಂಡೆಯ ಹೊಲಗಳಿಗೆ ಹೊರಡುತ್ತವೆ. ಮಾಮಾ ಮುಂದೆ, ಕುರಿಗಳು ನಡುವೆ, ಅತ್ತಿ ಹಿಂದೆ. ಹಿಂದೆ ಎಂದೆನಲ್ಲ, ಅದು ಹೆಸರಿಗಷ್ಟೇ. ನಿಜವಾಗಿ ಮಾಮಾನನ್ನೂ ಸೇರಿಸಿ ಎಲ್ಲರನ್ನೂ ಹೊಡೆದುಕೊಂಡು ಹೋಗುತ್ತಿದ್ದವಳು ಅತ್ತಿಯೇ. ಅಂಥ ಅತ್ತಿಯ ಅಂಗಾಲಿಗೆ ಒಮ್ಮೆ ಜಾಲಿಮುಳ್ಳು ಹೊಕ್ಕಿತು. ಎರಡು ದಿನ ಅವಳಿಗೆ ಗೊತ್ತೇ ಆಗಲಿಲ್ಲ. ಜಮಖಂಡಿಯ ಡಾಕ್ಟರು ಶುಗರ್ ಪರೀಕ್ಷೆ ಮಾಡಿ, ಸೂಜಿಯಿಂದ ಅವಳ ಪಾದ ಚುಚ್ಚುತ್ತ, "ನೋವಾತೇನವ್ವಾ?" ಎಂದು ಕೇಳಿದರೆ ಇವಳು, "ಚುಚ್ಚೂದು ಇನ್ನೂ ತಡ ಐತೇನ್ರೀ?" ಎಂದಳು. ಡಾಕ್ಟರು ಆಗಲೇ ನಾಲ್ಕು ಸಲ ಚುಚ್ಚಿದ್ದರು!

"ಕಾಲಿನ ಅರಿವು ಹೋಗೈತಿ," ಎಂದರು ಡಾಕ್ಟರು. "ಬರಿಗಾಲಲ್ಲಿ ನಡೀಬ್ಯಾಡ್ರಿ. ಗಟ್ಟಿ ಚರ್ಮದ ಕೆರ ಬ್ಯಾಡ. ಒಳಗ ಹೊಲಿಗಿ ಇದ್ದದ್ದಂತೂ ಬ್ಯಾಡ ಬ್ಯಾಡ. ಹೊಲಿಗಿ ತಾಗಿ ಹುಣ್ಣಾದ್ರ ನಿಮಗ ಗೊತ್ತಾಗಂಗಿಲ್ಲ. ಮೆತ್ತಂದು ಸಿಕ್ರ ನಡೀರಿ, ಇಲ್ಲಂದ್ರ ಮನ್ಯಾಗ ಕುಂದರ್ರಿ."

ಪೇಟೆಯಿಂದ ನಾನು ತಂದುಕೊಟ್ಟ ಮೆತ್ತನೆಯ ಚಪ್ಪಲಿ ಎರಡೇ ದಿನಕ್ಕೆ ಮುಳ್ಳಿಗೆ ಜರಡಿಯಾಯಿತು. ಬೂಟುಗಳೆಲ್ಲ ಒಳಗೆ ಹೊಲಿಗೆಯವೇ. ಆ ವರ್ಷ ಕುರಿಗಳು ಅತ್ತಿಯನ್ನು ಬಿಟ್ಟು ಹೋದವು. ಅವಳು ಕಟ್ಟೆಯ ಮೇಲೆ ಕುಳಿತು, ಕೊನೆಯ ಕುರಿ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದಳು. ಆಮೇಲೂ ಎದ್ದೇಳಲಿಲ್ಲ. ಮಾತಿಗೊಮ್ಮೆ ಜಗಳ ತೆಗೆಯುತ್ತಿದ್ದ ಅತ್ತಿ ಜಗಳವನ್ನೇ ಬಿಟ್ಟಳು. ಮನೆಗೆ ಮರಳಿದ ಮಾಮಾನಿಗೆ ಇದಕ್ಕಿಂತ ದೊಡ್ಡ ಗಾಬರಿ ಬೇರೆ ಬೇಕೆ? ಮುಂದಿನ ದೀಪಾವಳಿಯೊಳಗೆ ಹೊಲಿಗೆ ಇಲ್ಲದ ಜೋಡು ಆಗಬೇಕು, ಅತ್ತಿ ಮತ್ತೆ ಕುರಿಗಳ ಹಿಂದೆ ನಡೆಯಬೇಕು ಎಂದು ಅವನು ಹಟ ಹಿಡಿದ.

ದಾರಿ ತೋರಿಸಿದ್ದು ಮೊಬೈಲು. ಹಿಮ ಬೀಳುವ ಯಾವುದೋ ದೇಶದ ಹೆಂಗಸೊಬ್ಬಳು ಹಿಂಜಿದ ಉಣ್ಣೆಯನ್ನು ಪದರ ಪದರವಾಗಿ ಹರಡಿ, ಬಿಸಿನೀರು ಚಿಮುಕಿಸಿ, ಸಾಬೂನು ಹಚ್ಚಿ, ಒತ್ತಿ, ತಿಕ್ಕಿ, ಸುರುಳಿ ಸುತ್ತಿ ಉರುಳಿಸಿ, ಕೊನೆಗೆ ಒಂದೂ ಹೊಲಿಗೆಯಿಲ್ಲದ ಬೂಟನ್ನು ಎತ್ತಿ ತೋರಿಸಿದಳು. ಮಾಮಾ ಬನಹಟ್ಟಿಯಲ್ಲಿ ಟೀಚರಾಗಿದ್ದ ನನಗೆ ಫೋನು ಮಾಡಿ ಕೂಗಿದ್ದು ಕೇಳಿ ಸಾಲೆಯ ಸ್ಟಾಫ್ ರೂಮಿನಲ್ಲಿ ಕುಳಿತಿದ್ದ ಬೇರೆ ಮೇಷ್ಟ್ರುಗಳೂ ಎದ್ದು ನಿಂತರು.

"ಯವ್ವಾ! ಮಗ್ಗ ಇಲ್ಲ, ನೂಲಿಲ್ಲ, ಸೂಜಿ ಇಲ್ಲ! ನೀರು, ಸಾಬಾಣ, ಎರಡು ಕೈ! ಆತು ನೋಡ ಬೂಟು! ಇಷ್ಟ ವರ್ಷ ನಾವು ಕುರಿ ಕಾದು ಏನ ಕಲ್ತಿವಿ?"

ಅಂದಿನಿಂದ ಆ ವಿಡಿಯೋ ದಿನಕ್ಕೆ ಹತ್ತು ಸಲ. ಅತ್ತಿಗೆ ಮತ್ತೆ ಬಾಯಿ ಬಂದದ್ದು ಆಗಲೇ.

"ಹೊತ್ತು ಮೂಡಿದಾಗಿಂದ ಆಕಿ ಮಾರಿ ನೋಡಾಕತ್ತೀರಿ. ಆಕೀನ ಕರಕೊಂಡು ಬರ್ರಿ, ರೊಟ್ಟೀನೂ ಬಡೀಲಿ."

"ಏ, ಆಕಿ ಮಾರಿ ಯಾರ ನೋಡ್ತಾರ ಬೇ? ನಾ ಆಕಿ ಕೈ ನೋಡಾಕತ್ತೇನಿ."

"ಕೈ ಬ್ಯಾರೆ ನೋಡಾಕತ್ತೀರಿ!" ಎಂದಳು ಅತ್ತಿ.

ಆದರೆ ಆ ದೇಶದ ಕುರಿ ಬೇರೆ, ನಮ್ಮ ಕುರಿ ಬೇರೆ. ನಮ್ಮ ಕರಿ ಕುರಿಯ ಉಣ್ಣೆ ಕಂಬಳಿಗೆ ಹೇಳಿ ಮಾಡಿಸಿದ್ದು, ಒರಟು, ಹಟಮಾರಿ. ನೀರು ಹಾಕಿ ಎಷ್ಟು ತಿಕ್ಕಿದರೂ ಎಳೆಗಳು ಒಂದನ್ನೊಂದು ಅಪ್ಪಿಕೊಳ್ಳಲು ಒಲ್ಲೆ ಎಂದವು. ಮಾಮಾ ಬಟ್ಟೆ ಸಾಬೂನು ಹಚ್ಚಿ ನೋಡಿದ, ಅಂಟವಾಳಕಾಯಿ ನೊರೆ ಹಚ್ಚಿ ನೋಡಿದ, ಶೀಗೆಪುಡಿ ಹಚ್ಚಿ ನೋಡಿದ. ಹಳೆಯ ಉಣ್ಣೆ, ಹೊಸ ಉಣ್ಣೆ, ಮಳೆಗಾಲಕ್ಕೆ ಮುಂಚಿನದು, ಆಮೇಲಿನದು. ಮನೆ ತುಂಬ ಉಣ್ಣೆ! ಪುಂಡಿಪಲ್ಯದಲ್ಲಿ ಉಣ್ಣೆ, ಚಹಾದಲ್ಲಿ ಉಣ್ಣೆ, ಮಾಮಾನ ಮೀಸೆಯಲ್ಲಿ ಯಾವುದು ಮೀಸೆ ಯಾವುದು ಉಣ್ಣೆ ತಿಳಿಯದು. ಬೀಗರು ಊಟಕ್ಕೆ ಬಂದಾಗ ಒಬ್ಬರು ಬಾಯಿಂದ ಉದ್ದನೆಯ ಎಳೆಯೊಂದನ್ನು ಎಳೆಯುತ್ತಲೇ ಇದ್ದರು. ಮಾಮಾ ಹೋಗಿ ಅದನ್ನು ಇಸಿದುಕೊಂಡು ಬೆಳಕಿಗೆ ಹಿಡಿದು, "ಛಲೋ ಉದ್ದ ಐತಿ, ಇದು ಯಾವ ಕುರೀದು?" ಎಂದ.

ಮುಂದಿನ ಸರದಿ ನನ್ನದು. ಒಂದು ಭಾನುವಾರ ಮಾಮಾ ದೊಡ್ಡ ಗಂಟು ಹೊತ್ತು ಬನಹಟ್ಟಿಯ ನನ್ನ ಬಾಡಿಗೆ ಮನೆಗೆ ಬಂದ. "ಸ್ವಲ್ಪ ಅರಿವಿ ಒಗೀಬೇಕಾಗಿತ್ತು, ನಿನ್ನ ಮಷೀನು ಖಾಲಿ ಐತೇನು?" ಎಂದು ಮುಗ್ಧ ಮುಖ ಮಾಡಿ ಕೇಳಿದ. ನಾನು ಹೂಂ ಎಂದು ಸಂತೆಗೆ ಹೋದೆ. ತಿರುಗಿ ಬಂದು ನೋಡುತ್ತೇನೆ, ವಾಷಿಂಗ್ ಮಷೀನು ಬಚ್ಚಲು ಬಿಟ್ಟು ಕುಣಿಯುತ್ತ ಕುಣಿಯುತ್ತ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದೆ! ಮಾಮಾ ಅದನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದಾನೆ. ಒಳಗೆ ಗೋಣಿಚೀಲದಲ್ಲಿ ಕಟ್ಟಿದ ಉಣ್ಣೆ. ಅದರ ಜೊತೆಗೆ ನನ್ನ ಒಂದೇ ಒಂದು ಉಣ್ಣೆಯ ಸ್ವೆಟರು.

"ಅದನ್ನ ಯಾಕ ಹಾಕಿದ್ರಿ ಮಾಮಾ?"

"ಅದೂ ಉಣ್ಣೀನ ಅಲ್ಲೇನು? ತಮ್ಮ ಮಂದಿ ಇದ್ರ ನಮ್ಮ ಉಣ್ಣೀಗಿ ಧೈರ್ಯ ಬರತೈತಿ ಅಂತ ಹಾಕೀನಿ."

ಸ್ವೆಟರು ತೊಟ್ಟಿಲ ಕೂಸಿಗೆ ಆಗುವಷ್ಟಾಗಿ ಹೊರಬಂತು. ನಾನು ಅಳುವಂತಾದೆ. ಮಾಮಾ ಅದನ್ನು ಎತ್ತಿ ಹಿಡಿದು, "ಕುಗ್ಗೇತಿ! ಕುಗ್ಗೇತಿ! ಗಟ್ಟಿ ಆಗೇತಿ!" ಎಂದು ಅಂಗಳದಲ್ಲಿ ಕುಣಿದ. ನಮ್ಮ ಉಣ್ಣೆ ಮಾತ್ರ ಗೋಣಿಚೀಲದಲ್ಲಿ ಇದ್ದ ಹಾಗೇ ಇತ್ತು, ತೊಯ್ದ ಬೆಕ್ಕಿನ ಹಾಗೆ.

ಈ ಗದ್ದಲಕ್ಕೆ ಮನೆಯ ಮಾಲೀಕರು ಇಳಿದು ಬಂದರು. ಅವರು ಹುಟ್ಟಾ ನೇಕಾರರು, ಎಪ್ಪತ್ತು ದಾಟಿದ ಅಜ್ಜ, ಇಂದಿಗೂ ಮಗ್ಗದ ಸಪ್ಪಳ ನಿಂತರೆ ಎಚ್ಚರಾಗುವವರು. ಮಾಮಾ ತನ್ನ ಯೋಜನೆ ಹೇಳಿದ್ದೇ ತಡ, ಅವರಿಗೆ ಸಿಟ್ಟು ನೆತ್ತಿಗೇರಿತು.

"ಹಾಸಿಲ್ಲ, ಹೊಕ್ಕಿಲ್ಲ, ಅದೆಂಥಾ ಅರಿವಿ? ರಬಕವಿ ಬನಹಟ್ಯಾಗ ನಿಂತು ಇಂಥಾ ಮಾತಾಡ್ತೀರಲ್ಲ, ಖರೆ ಹೇಳ್ರಿ, ಮೈಯಾಗ ಹುಷಾರದೀರಿ?"

"ಹಾಸು ಹೊಕ್ಕು ಇಲ್ಲದನ ಆಗತೈತ್ರಿ ಅಜ್ಜಾರ. ಇಲ್ಲಿ ನೋಡ್ರಿ," ಎಂದು ಮಾಮಾ ಮೊಬೈಲು ಹಿಡಿದ.

ಅಜ್ಜ ಕನ್ನಡಕ ಏರಿಸಿ ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಪರದೆಯ ಮೇಲೆ ಬೆರಳಿಟ್ಟು, "ಲೇ ಮಾರಾಯಾ, ನಿನ್ನ ಕಣ್ಣು ಎಲ್ಲಿ ಇಟ್ಟೀ? ಒಂದು ಪದರ ಉದ್ದಕ ಹಾಕಾಕತ್ತಾಳ, ಒಂದು ಪದರ ಅಡ್ಡಕ ಹಾಕಾಕತ್ತಾಳ. ಹಾಸೂ ಐತಿ, ಹೊಕ್ಕೂ ಐತಿ! ನೀ ಎಲ್ಲಾ ಒಂದ ದಿಕ್ಕಿಗಿ ಒಟ್ಟಿ ಕುಂತೀ!" ಎಂದರು. 'ಯಜಮಾನ್ರ' ಎನ್ನಬೇಕಿದ್ದವರು 'ಲೇ'ಗೆ ಇಳಿದದ್ದು ಇಬ್ಬರ ಗಮನಕ್ಕೂ ಬರಲಿಲ್ಲ. ಹತ್ತು ನಿಮಿಷದಲ್ಲಿ ನನ್ನ ಅಂಗಳದಲ್ಲಿ ಕುರುಬನೂ ನೇಕಾರನೂ ಮೊಣಕಾಲೂರಿ ಕುಳಿತು ಸಾಬೂನು ನೀರಿನಲ್ಲಿ ಮುಳುಗಿದ್ದರು. ಸಂಜೆಯ ಹೊತ್ತಿಗೆ ಅಂಗೈಯಗಲದ ಒಂದು ತುಂಡು ಹುಟ್ಟಿತು. ಇಬ್ಬರೂ ಎರಡು ತುದಿ ಹಿಡಿದು ಜಗ್ಗಿದರು. ಹರಿಯಲಿಲ್ಲ! ಅಜ್ಜ ಹೋದ ಮೇಲೆ ಮಾಮಾ ಆ ತುಂಡನ್ನು ತನ್ನ ಕೆನ್ನೆಗೆ ಉಜ್ಜಿಕೊಂಡು ನೋಡಿದ. "ಗಟ್ಟಿ ಐತಿ. ಆದ್ರ ಚುಚ್ಚತೈತಿ ಯವ್ವಾ," ಎಂದ.

ಚುಚ್ಚದ ಉಣ್ಣೆಗಾಗಿ ಮತ್ತೆರಡು ತಿಂಗಳು. ಕೊನೆಗೆ ಸಿಕ್ಕಿದ್ದು ಮರಿಗಳ ಮೊದಲ ಕತ್ತರಿಯ ಉಣ್ಣೆ. ಒಳಗೆ ಅದು, ಹೊರಗೆ ದೊಡ್ಡ ಕುರಿಯ ಕರಿ ಉಣ್ಣೆ. ಪ್ರತಿ ಸಲವೂ ಮಾಮಾ ಕೆನ್ನೆಗೆ ಒತ್ತಿಕೊಂಡು ನೋಡಬೇಕು. ಒಂದು ಕೆನ್ನೆ ಯಾವಾಗಲೂ ಕೆಂಪಗಿರುತ್ತಿತ್ತು. ಊರ ಹೆಣ್ಣುಮಕ್ಕಳು, "ಹೆಂಡ್ತಿ ಬಡದಿರಬೇಕು" ಎಂದುಕೊಂಡು ಸಂತೋಷಪಟ್ಟರು.

ಇನ್ನು ಸುತ್ತಿದ ಸುರುಳಿಯನ್ನು ತಾಸುಗಟ್ಟಲೆ ಕುಲುಕಬೇಕಲ್ಲ, ಅದಕ್ಕೆ ಮಾಮಾ ಬನಹಟ್ಟಿಗೆ ಹೋಗುವ ಆಟೋವನ್ನು ಆರಿಸಿದ. ಸುರುಳಿಯನ್ನು ಕಾಲ ಕೆಳಗೆ ಹಾಕಿಕೊಂಡು ತುಳಿಯುತ್ತ, "ರಸ್ತೆ ಬಿಟ್ಟು ಹೊಲದ ಹಾದಿಗಿ ಹೊಡಿ, ತೆಗ್ಗು ಕಂಡಲ್ಲಿ ಬಿಡಬ್ಯಾಡ!" ಎಂದು ಕೂಗುತ್ತಿದ್ದ. ಉಳಿದ ಪ್ರಯಾಣಿಕರು ಅರ್ಧದಲ್ಲೇ ಇಳಿದು ನಡೆದು ಹೋದರು. ಆಟೋದವನು ಮಾತ್ರ ಖುಷಿಯಾಗಿದ್ದ, ತನ್ನ ಗಾಡಿ ಹೊಡೆಯುವ ರೀತಿಯನ್ನು ಜನ್ಮದಲ್ಲಿ ಮೊದಲ ಸಲ ಒಬ್ಬರು ಮೆಚ್ಚಿದ್ದರು.

ಮೊದಲ ಜೋಡು ಅತ್ತಿಯ ಅಳತೆಗೇ ಮಾಡಿದ. ಕುಗ್ಗಿ ಬೊಂಬೆಗೆ ಆಗುವಷ್ಟಾಯಿತು. ಎರಡನೆಯದನ್ನು ಎಮ್ಮೆಯ ಅಳತೆಗೆ ಮಾಡಿದ. ಕುಗ್ಗಿತು, ಎಮ್ಮೆಯ ಕರುವಿನ ಅಳತೆಗೆ ನಿಂತಿತು. ಮೂರನೆಯದು ಅವಳ ಹಳೆಯ ಚಪ್ಪಲಿಯ ಅಳತೆಗೆ ಸರಿಯಾಗಿ ಕೂತಿತು! ಆದರೆ ನಮ್ಮ ಮಂದಿಯ ಕೈ ಸುಮ್ಮನಿರಬೇಕಲ್ಲ? ಕಂಬಳಿ ನೇಯ್ದ ಮೇಲೆ ಹುಣಸೆಬೀಜದ ಗಂಜಿ ಬಳಿಯುವುದು ತಲೆಮಾರಿನಿಂದ ಬಂದ ರೂಢಿ. ಮಾಮಾನ ಕೈ ಅವನನ್ನು ಕೇಳದೆಯೇ ಜೋಡಿಗೂ ಗಂಜಿ ಬಳಿಯಿತು. ಒಣಗಿದ ಮೇಲೆ ಅದರಿಂದ ತೆಂಗಿನಕಾಯಿ ಒಡೆಯಬಹುದಿತ್ತು. ಮೆತ್ತಗಾಗಲಿ ಎಂದು ನೀರು ಚಿಮುಕಿಸಿ ಗೋಡೆಯ ಮೇಲಿಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ ಗಂಜಿಯ ರುಚಿ ಕಂಡ ಹಟ್ಟಿಯ ಮೇಕೆಯೊಂದು ಎಡಗಾಲಿನದನ್ನು ಪೂರ್ತಿ ತಿಂದು ಬಲಗಾಲಿನದಕ್ಕೆ ಬಾಯಿ ಹಾಕಿತ್ತು.

"ಹೊಲಿಗಿ ಇಲ್ಲದ್ದು ಅಂದ್ರಿ, ಅದಕ್ಕ ಸಸಾರ ನುಂಗಿತು," ಎಂದಳು ಅತ್ತಿ. ಒಂದು ವರ್ಷದ ಮೇಲೆ ಅವಳು ನಕ್ಕದ್ದನ್ನು ನಾನು ಅಂದು ಕಂಡೆ.

ದೀಪಾವಳಿಯ ಮರುದಿನ ಬೆಳಿಗ್ಗೆ ನಾನು ಚಿಮ್ಮಡಕ್ಕೆ ಹೋದಾಗ ನಾಲ್ಕನೆಯ ಜೋಡು ತಯಾರಾಗಿತ್ತು. ಗಂಜಿ ಇಲ್ಲ, ಹೊಲಿಗೆ ಇಲ್ಲ, ಮುಳ್ಳು ತಾಗದಂತೆ ಅಡಿಯಲ್ಲಿ ದಪ್ಪ ರಬ್ಬರ್ ಅಂಟಿಸಿದ್ದ. ಒಳಗೆ ಕೈ ಹಾಕಿದೆ. ಅಬ್ಬಾ! ಕೈ ಹೊರಗೆ ತೆಗೆಯಲು ಮನಸ್ಸಾಗಲಿಲ್ಲ. ಕುರಿಗಳು ಅನಗವಾಡಿಗೆ ಹೊರಡಲು ಹಟ್ಟಿಯಲ್ಲಿ ಗದ್ದಲ ಎಬ್ಬಿಸಿದ್ದವು. ಮಾಮಾ ಜೋಡನ್ನು ತಂದು ಕಟ್ಟೆಯ ಮೇಲೆ ಕುಳಿತಿದ್ದ ಅತ್ತಿಯ ಮುಂದಿಟ್ಟು, "ಹಾಕ್ಕೋ ಬೇ, ಏಳು!" ಎಂದ.

ಅತ್ತಿ ಕಾಲು ಹಿಂದಕ್ಕೆಳೆದುಕೊಂಡಳು.

"ನಾ ಒಲ್ಲೆ. ಉಣ್ಣಿ ಕಾಲಾಗ ಹಾಕೂದೇನ್ರೀ?"

ಇದು ನಮ್ಮಿಬ್ಬರಿಗೂ ಇಷ್ಟು ದಿನ ಹೊಳೆಯಲೇ ಇಲ್ಲವಲ್ಲ! ನಮ್ಮಲ್ಲಿ ಕುರುಬರ ದೇವರು ಬೀರಪ್ಪನಿಗೆ ಕಂಬಳಿಯೇ ಗದ್ದಿಗೆ. ಕಂಬಳಿ ಹಾಸಿ, ಅದರ ಮೇಲೆ ಭಂಡಾರದ ಅರಿಶಿನ ಇಟ್ಟು ಪೂಜೆ ಮಾಡುವವರು ನಾವು. ಪೂಜೆಯ ಕಂಬಳಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವಳು ನಮ್ಮ ಅತ್ತಿ. ಅಂಥವಳು ಉಣ್ಣೆಯನ್ನು ತುಳಿದು ನಡೆದಾಳೆಯೇ? ಮೇಕೆಗೂ ಮಷೀನಿಗೂ ಸೋಲದ ಮಾಮಾ ಅತ್ತಿಯ ಈ ಒಂದು ಮಾತಿಗೆ ಸೋತ ಎಂದುಕೊಂಡೆ.

ಆದರೆ ಅವನು ತಲೆಯ ಪಟಗ ತೆಗೆದು ಪಕ್ಕಕ್ಕಿಟ್ಟು ನೆಲದ ಮೇಲೆ ಕುಳಿತ. ಅತ್ತಿಯ ಕಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ.

"ಕಾಲು ಬಿಡ್ರಿ! ಮಂದಿ ನೋಡ್ತಾರ. ನನಗ ಪಾಪ ಹತ್ತತೈತಿ."

"ಹತ್ತಿದ್ರ ನನಗ ಹತ್ಲಿ. ಕೇಳಿಲ್ಲೆ. ನಲವತ್ತು ವರ್ಷ ಬೀರಪ್ಪನ ಕುರಿ ಹಿಂದ ನಡದ ಕಾಲಿವು. ಮಳೀ ನೋಡಲಿಲ್ಲ, ಮುಳ್ಳ ನೋಡಲಿಲ್ಲ. ಅಂವನ ಇವಕ್ಕ ಕಂಬಳಿ ಹಾಸ್ಯಾನ ಅಂತ ತಿಳಿ. ನಾ ಬರೇ ತಿಕ್ಕೀನಿ."

ಮಾಮಾ ಪಾದದ ಧೂಳನ್ನು ಅಂಗೈಯಿಂದ ಒರೆಸಿ, ಬೆರಳುಗಳ ಸಂದಿಯಲ್ಲಿ ಗಾಯವೇನಾದರೂ ಇದೆಯೋ ಎಂದು ಒಂದೊಂದೇ ನೋಡಿ, ಎರಡೂ ಜೋಡು ತೊಡಿಸಿದ. ಅವಳು ಗೋಡೆ ಹಿಡಿದು ಎದ್ದು ನಿಂತಳು. ನಾಲ್ಕು ಹೆಜ್ಜೆ ನಡೆದಳು. ಮಾಮಾ ಪರೀಕ್ಷೆಯ ಫಲಿತಾಂಶಕ್ಕೆ ಕಾದವನ ಹಾಗೆ ಅವಳ ಮುಖವನ್ನೇ ನೋಡುತ್ತ ಕೇಳಿಬಿಟ್ಟ:

"ಹೆಂಗೈತಿ? ಮೆತ್ತಗ ಐತಿಲ್ಲ?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಡಾಕ್ಟರ ಸೂಜಿಯೇ ತಿಳಿಯದ ಕಾಲು ಅದು. ಒಂದು ವರ್ಷ ತನ್ನ ಕೆನ್ನೆ ಉಜ್ಜಿ ಉಜ್ಜಿ ಹುಡುಕಿದ ಮೆತ್ತನೆ ಅವಳಿಗೆ ಗೊತ್ತಾಗುವುದೇ ಇಲ್ಲ.

ಅತ್ತಿ ಒಂದು ಗಳಿಗೆ ತನ್ನ ಪಾದ ನೋಡಿಕೊಂಡಳು. ಆಮೇಲೆ ಅವನ ಕೆಂಪು ಕೆನ್ನೆ ನೋಡಿದಳು.

"ಬೆಣ್ಣಿ ಮ್ಯಾಲೆ ಕಾಲಿಟ್ಟಂಗ ಆಗಾಕತ್ತೈತ್ರೀ," ಎಂದಳು. "ಏಳ್ರಿ, ಹೊತ್ತಾತು. ಕುರಿ ಕಾಯಾಕತ್ತಾವ."