ನಮ್ಮ ಷಡ್ಡಕರು ನಟ್ಟು ಬಿಚ್ಚುವ ಯಂತ್ರ ಹುಡುಕಿದ್ದು

ನಮ್ಮ ಷಡ್ಡಕರು ಹೆಣ್ಣು ನೋಡಲು ಹೋದವರು ಉಪ್ಪಿಟ್ಟಿನ ತಟ್ಟೆ ಖಾಲಿಯಾಗುವುದರೊಳಗೆ ಒಪ್ಪಿಗೆ ಕೊಟ್ಟು ಎದ್ದಿದ್ದರಂತೆ. ಅದೇ ಮಹಾನುಭಾವರು ನಟ್ಟು ಬಿಚ್ಚುವ ಒಂದು ಯಂತ್ರವನ್ನು ಒಪ್ಪಿಕೊಳ್ಳಲು ತೆಗೆದುಕೊಂಡದ್ದು ಬರೋಬ್ಬರಿ ಎಂಟು ತಿಂಗಳು! ಆ ಎಂಟು ತಿಂಗಳಲ್ಲಿ ಚಿತ್ರದುರ್ಗ, ಹೊಸದುರ್ಗ, ಹಿರಿಯೂರಿನ ಅಂಗಡಿಯವರು ಇವರನ್ನು ದೂರದಿಂದ ಕಂಡರೆ ಸಾಕು, ಟೀ ತರಿಸಬೇಕೋ ಶಟರ್ ಎಳೆಯಬೇಕೋ ತಿಳಿಯದೆ ಒದ್ದಾಡುತ್ತಿದ್ದರು. ನಾನೇ ಸಾಕ್ಷಿ. ಏಕೆಂದರೆ ಎಲ್ಲ ಕಡೆಗೂ ನನ್ನನ್ನು ಎಳೆದುಕೊಂಡು ಹೋಗಿದ್ದರು.

ಷಡ್ಡಕರು ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಹೊಳಲ್ಕೆರೆಯಲ್ಲಿ ರಸ್ತೆ ಬದಿಗೆ ಅವರ ಟೈರ್ ಅಂಗಡಿ. ಅದರ ಹಿಂದಿನ ಬಾಗಿಲು ತೆರೆದರೆ ಅಡುಗೆಮನೆ. ಟ್ರ್ಯಾಕ್ಟರು, ಟೆಂಪೊ, ಕಾರು, ಯಾವುದಕ್ಕೆ ಪಂಕ್ಚರ್ ಆದರೂ ಅಲ್ಲಿಗೇ ಬರಬೇಕು. ನಾನು ಚಿತ್ರದುರ್ಗದಲ್ಲಿ ಹೈಸ್ಕೂಲು ಮೇಷ್ಟ್ರು. ನಟ್ಟು ಯಾವ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ ಎಂಬುದು ನನಗೆ ಇವತ್ತಿಗೂ ಖಚಿತವಿಲ್ಲ. ಆದರೂ ನನ್ನನ್ನೇ ಏಕೆ ಕರೆದೊಯ್ಯುತ್ತಿದ್ದರು? ಒಮ್ಮೆ ಕೇಳಿಯೇ ಬಿಟ್ಟೆ.

"ನೀವು ಮಧ್ಯೆ ಬಾಯಿ ಹಾಕಲ್ಲ ಮೇಷ್ಟ್ರೇ. ತಿಳಿದೋರನ್ನ ಕರ್ಕೊಂಡು ಹೋದ್ರೆ ತಲೆ ತಿಂತಾರೆ" ಎಂದರು. ಇದಕ್ಕಿಂತ ಒಳ್ಳೆಯ ಮರ್ಯಾದೆ ನನಗೆ ಅತ್ತೆಮನೆಯ ಕಡೆಯಿಂದ ಸಿಕ್ಕಿಲ್ಲ.

ಅದುವರೆಗೆ ಆ ಅಂಗಡಿಯಲ್ಲಿ ಯಂತ್ರವೇ ಇರಲಿಲ್ಲವೇ? ಇತ್ತು. ನಮ್ಮ ಅತ್ತಿಗೆ, ಅಂದರೆ ಷಡ್ಡಕರ ಹೆಂಡತಿಯೇ ಆ ಯಂತ್ರ! ಜಂಗು ಹಿಡಿದ ನಟ್ಟು ಬಂತೆಂದರೆ ಷಡ್ಡಕರು ಅದಕ್ಕೆ ಪಾನ ಎಂಬ ಸ್ಪ್ಯಾನರು ಸಿಕ್ಕಿಸಿ, ಪಾನದ ಹಿಡಿಗೆ ಮಾರುದ್ದದ ಕಬ್ಬಿಣದ ಪೈಪು ತೂರಿಸಿ, ಒಳಗಿನ ಕಡೆ ತಿರುಗಿ "ಏ ಇವಳೇ, ಬಾರೆ" ಎನ್ನುತ್ತಿದ್ದರು. ಅತ್ತಿಗೆ ಸೌಟು ಅಲ್ಲಿಯೇ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು, ಗಾಡಿಯ ಮೈ ಹಿಡಿದು ಪೈಪಿನ ತುದಿಯ ಮೇಲೆ ಹತ್ತಿ ನಿಲ್ಲುತ್ತಿದ್ದರು. ಒಂದು ಸಲ ಮೊಣಕಾಲು ಬಗ್ಗಿಸಿ ಮೈಭಾರ ಬಿಟ್ಟರೆ ನಟ್ಟು ಕಿರ್ರೆಂದು ಶರಣಾಗುತ್ತಿತ್ತು. ಇಳಿದು, "ಇನ್ನೆಷ್ಟು ಅವೆ?" ಎಂದು ಕೇಳಿ ಉಳಿದವನ್ನೂ ಮುಗಿಸಿಯೇ ಒಲೆಯ ಬಳಿಗೆ ಹೋಗುತ್ತಿದ್ದರು. ಟ್ರ್ಯಾಕ್ಟರಿನವರು ಷಡ್ಡಕರಿಲ್ಲದಿದ್ದರೂ "ಅಮ್ಮಾರು ಅದಾರಾ?" ಎಂದು ವಿಚಾರಿಸುತ್ತಿದ್ದರು. ಅತ್ತಿಗೆಗೂ ಅದರಲ್ಲಿ ಒಂದು ಹೆಮ್ಮೆ. ಮದುವೆ ಮನೆಗಳಲ್ಲಿ ತಂಗಿಯರು ಸೀರೆಯ ಮಾತಾಡಿದರೆ ಇವರು ನಟ್ಟಿನ ಮಾತಾಡುತ್ತಿದ್ದರು.

ಒಂದು ಮಧ್ಯಾಹ್ನ ಒಂದು ನಟ್ಟಿನ ಮೂಲೆ ಸವೆದಿತ್ತು. ಪಾನ ಜಾರಿತು, ಪೈಪು ಹಾರಿತು, ಅತ್ತಿಗೆ ಸಿಮೆಂಟಿನ ನೆಲಕ್ಕೆ ಕೈಯೂರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು.

ಆಸ್ಪತ್ರೆಗೆ ನಾವೂ ಓಡಿದೆವು. ಹೆಂಡತಿಗೆ ಒಂದು ಸಮಾಧಾನದ ಮಾತು ಹೇಳುವುದು ಬಿಟ್ಟು ಷಡ್ಡಕರು ಏನು ಮಾಡುತ್ತಿದ್ದರು ಗೊತ್ತೇ? ಪ್ಲಾಸ್ಟರ್ ಹಾಕುತ್ತಿದ್ದ ಡಾಕ್ಟರಿಗೆ ಬುದ್ಧಿ ಹೇಳುತ್ತಿದ್ದರು! "ಭಾಳ ಟೈಟ್ ಮಾಡಬ್ಯಾಡ್ರಿ ಡಾಕ್ಟ್ರೇ. ಮೊದಲು ಎಲ್ಲಾ ಕಡೆ ಸಮ ಹಿಡೀರಿ, ಆಮೇಲೆ ಬಿಗೀರಿ. ಚಕ್ರಕ್ಕೂ ಹಂಗೇ ಮಾಡೋದು."

ಡಾಕ್ಟರು ಕತ್ತೆತ್ತಿ, "ಸ್ಟೆಪ್ನಿ ಇದ್ರೆ ಹೇಳ್ರಿ, ಕೈಯನ್ನೇ ಬದಲಾಯಿಸಿ ಕಳಿಸ್ತೀನಿ" ಎಂದರು. ನರ್ಸು ನಕ್ಕಳು, ಅತ್ತಿಗೆ ನೋವಿನಲ್ಲೂ ನಕ್ಕರು. ನನ್ನ ಹೆಂಡತಿ ಮಾತ್ರ ನಗಲಿಲ್ಲ. "ಕಲ್ಲು ಮನುಷ್ಯ" ಎಂದು ಭಾವನ ಹತ್ತಿರ ಒಂದು ತಿಂಗಳು ಮಾತು ಬಿಟ್ಟಳು. ಮಾತು ಬಿಟ್ಟಿದ್ದಾಳೆಂಬುದು ಷಡ್ಡಕರ ಗಮನಕ್ಕೆ ಬಂದಂತೆ ಕಾಣಲಿಲ್ಲ.

ಪ್ಲಾಸ್ಟರ್ ಬಿಚ್ಚಿದರು. ಮೂಳೆ ಕೂಡಿತ್ತು, ಬಲ ಮಾತ್ರ ಹಿಂದಿರುಗಲಿಲ್ಲ. ಅತ್ತಿಗೆ ಅಂಗಡಿಯ ಕಡೆ ಬರುವುದನ್ನೇ ನಿಲ್ಲಿಸಿದರು. ಯಾರಾದರೂ ಟ್ರ್ಯಾಕ್ಟರಿನವರು "ಅಮ್ಮಾರು ಎಲ್ರಿ?" ಎಂದರೆ ಒಳಗಿನಿಂದಲೇ "ನಾನೇನ್ ಮಾಡಲಪ್ಪ ಬಂದು" ಎನ್ನುತ್ತಿದ್ದರು. ಷಡ್ಡಕರು ಒಬ್ಬರೇ ಪೈಪಿಗೆ ಜೋತು ಬೀಳುತ್ತಿದ್ದರು. ಅವರ ಮೈಯಲ್ಲಿರುವ ಮಾಂಸಕ್ಕೆ ನಟ್ಟು ಹೆದರುವಂತಿರಲಿಲ್ಲ.

ಆಗ ಬಂತು ಆ ಘೋಷಣೆ. "ಮೇಷ್ಟ್ರೇ, ಇಂಪ್ಯಾಕ್ಟ್ ರೆಂಚ್ ತಗಳಾಣ. ಮನೆಗೂ ಆಗಬೇಕು, ಅಂಗಡಿಗೂ ಆಗಬೇಕು."

ಸೊಸೆ ಹುಡುಕುವವರು ಆಡುವ ಮಾತಿದು! ನೋಡಲು ಪಿಸ್ತೂಲಿನಂತಿರುವ ಈ ಯಂತ್ರ ಕುದುರೆಯನ್ನು, ಅಂದರೆ ಟ್ರಿಗರನ್ನು, ಒತ್ತಿದರೆ ತಿರುಗುತ್ತಲೇ ಒಳಗಿನಿಂದ ಕಟಕಟಕಟ ಎಂದು ಗುದ್ದಿ ನಟ್ಟನ್ನು ಬಿಚ್ಚುತ್ತದೆ. ಅಂಗಡಿಗೆ ಸರಿ, ಮನೆಗೆ ಯಾಕೆ? ಅಡುಗೆಮನೆಯಲ್ಲಿ ಅದು ಬಿಚ್ಚುವಂಥದ್ದು ಏನಿದೆ, ಉಪ್ಪಿನಕಾಯಿ ಭರಣಿಯೇ? ಕೇಳಿದರೆ, "ಮನೆಗೂ ಬೇಕು ಕಣ್ರಿ" ಎಂದಷ್ಟೇ ಉತ್ತರ.

ಮೊದಲ ದಂಡಯಾತ್ರೆ ಚಿತ್ರದುರ್ಗಕ್ಕೆ. ಷಡ್ಡಕರು ಬಸ್ಸಿನಿಂದ ಇಳಿದಾಗ ಹೆಗಲ ಮೇಲೊಂದು ಗೋಣಿಚೀಲ. ಒಳಗೆ ದಪ್ಪನೆಯ ಕಬ್ಬಿಣದ ಹಲಗೆ. ಅದಕ್ಕೆ ಬಿಗಿದ ಐದು ನಟ್ಟುಗಳು. ಆ ನಟ್ಟುಗಳನ್ನು ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ನೆನೆಸಿ, ಬಿಸಿಲಿಗೆ ಒಣಗಿಸಿ, ಮತ್ತೆ ನೆನೆಸಿ, ಮಕ್ಕಳಿಗೆ ಎಣ್ಣೆ ಹಚ್ಚುವಷ್ಟು ಮುತುವರ್ಜಿಯಿಂದ ಜಂಗು ಹಿಡಿಸಿದ್ದರು.

"ಇದೇನ್ರಿ?" ಎಂದೆ.

"ಕೊಶ್ಚನ್ ಪೇಪರ್ರು. ಐದು ಪ್ರಶ್ನೆ, ಎಲ್ಲಾ ಕಡ್ಡಾಯ. ಯಾವ ಮಿಷನ್ ಪಾಸಾಗುತ್ತೋ ಅದು ನಮ್ದು."

ಅಂಗಡಿಯಾತ ಉತ್ಸಾಹಿ ತರುಣ. ದೊಡ್ಡ ಯಂತ್ರವನ್ನೇ ತೆಗೆದ. ಕಟಕಟಕಟ! ಐದೂ ನಟ್ಟುಗಳು ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಿಚ್ಚಿಕೊಂಡವು. ನೂರಕ್ಕೆ ನೂರು! ಆತ ಗೆದ್ದ ಮುಖ ಮಾಡಿ ಪೆಟ್ಟಿಗೆ ಕಟ್ಟಲು ಹೊರಟ. ಷಡ್ಡಕರು ಯಂತ್ರವನ್ನು ಒಂದೇ ಕೈಯಲ್ಲಿ ತೂಗಿ ನೋಡಿ, "ಬ್ಯಾಡ. ಭಾರ ಐತೆ" ಎಂದರು.

ಟ್ರ್ಯಾಕ್ಟರಿನ ಟೈರನ್ನು ಉರುಳಿಸಿಕೊಂಡು ಹೋಗುವ ಮನುಷ್ಯನಿಗೆ ಮೂರು ಕೆ.ಜಿ. ಭಾರವೇ? ಆತ ನಟ್ಟುಗಳನ್ನು ಮತ್ತೆ ಬಿಗಿದು ಸಣ್ಣದನ್ನು ಕೊಟ್ಟ. ಅದು ಒಂದು ನಟ್ಟನ್ನೂ ಅಲುಗಾಡಿಸಲಾರದೆ ನರಳಿತು. "ಇದು ಫೇಲು" ಎಂದರು. ಆ ತರುಣ ಬೇಸತ್ತು, "ಯಜಮಾನ್ರೇ, ಇದೊಂದು ಡೆಮೊ ಪೀಸು. ಒಂದು ವಾರ ಇಟ್ಕಂಡು ನೋಡ್ರಿ, ನನ್ನನ್ನ ಬಿಡ್ರಿ" ಎಂದು ಕೈ ಮುಗಿದು ಇನ್ನೊಂದನ್ನು ಕೊಟ್ಟು ಕಳಿಸಿದ.

ಆ ಡೆಮೊ ಪೀಸಿನ ಮೊದಲ ಪ್ರಯೋಗ ನನ್ನ ಮನೆಯಲ್ಲೇ ಆಯಿತು. ನಮ್ಮ ಕಬ್ಬಿಣದ ಮಂಚ ಕಿರುಗುಟ್ಟುತ್ತದೆಂದು ಹೆಂಡತಿ ನನಗೆ ಹೇಳುತ್ತಿದ್ದುದನ್ನು ಕೇಳಿಸಿಕೊಂಡರು. ಕಟಕಟಕಟ! ಮಂಚದ ಎಂಟು ನಟ್ಟುಗಳನ್ನೂ ಬಿಗಿದರು. ಕಿರುಗುಟ್ಟುವುದು ನಿಂತಿತು. ಡೆಮೊ ಪೀಸು ಮಾತ್ರ ಇದೂ ಭಾರವೆಂದು ವಾರದೊಳಗೆ ಅಂಗಡಿಗೆ ವಾಪಸಾಯಿತು. ಈಚೆಗೆ ಆ ಕೋಣೆಗೆ ಬಣ್ಣ ಹೊಡೆಸಲು ಮಂಚ ಬಿಚ್ಚೋಣವೆಂದರೆ ಯಾರ ಕೈಯಲ್ಲೂ ಆಗುತ್ತಿಲ್ಲ. ಬಾಗಿಲಿನಲ್ಲಿ ಇಡಿಯಾಗಿ ತೂರುವುದೂ ಇಲ್ಲ. ಮುಂದೆ ಮನೆ ಮಾರುವ ಕಾಲ ಬಂದರೆ ಮಂಚ ಸಮೇತ ಮಾರಬೇಕು.

ಹೊಸದುರ್ಗದ ಅಂಗಡಿಯಾತ ಗಾಳಿಯಿಂದ ನಡೆಯುವ ಯಂತ್ರ ತೋರಿಸಿದ. ಹಗುರ ಇತ್ತು, ಬಲವೂ ಇತ್ತು. ಷಡ್ಡಕರ ಮುಖ ಅರಳಿತು. "ಗಾಳಿಗೆ ದೊಡ್ಡ ಕಂಪ್ರೆಸರ್ ಬೇಕಾಗ್ತದೆ. ನಿಮ್ದು ಎಷ್ಟು ದೊಡ್ಡದೈತೆ?" ಎಂದು ಆತ ಕೇಳಿದ. ಇವರ ಕಂಪ್ರೆಸರ್ ಎರಡು ಟೈರಿಗೆ ಗಾಳಿ ತುಂಬಿದರೆ ಮೂರನೆಯದಕ್ಕೆ ಉಬ್ಬಸ ಬಂದವರಂತೆ ಏದುಸಿರು ಬಿಡುವ ಜಾತಿಯದು. ಮುಖ ಮುದುಡಿತು. ಕರೆಂಟಿನದು? "ಕರೆಂಟು ಇದ್ದಾಗಷ್ಟೇ ಪಂಕ್ಚರ್ ಆಗ್ರಿ ಅಂತ ಬೋರ್ಡ್ ಹಾಕಲೇನು?" ಎಂದರು.

ಬರುವಾಗ ಹಾಲುರಾಮೇಶ್ವರಕ್ಕೆ ಹೋಗೋಣವೆಂದರು. ಅಲ್ಲಿನ ಕೊಳದ ಬಳಿ ಕುಳಿತು ಬೇಡಿಕೊಂಡರೆ ಗಂಗಮ್ಮ ಪ್ರಸಾದ ಕರುಣಿಸುತ್ತಾಳೆಂದು ನಂಬಿಕೆ. ಜನ ಸಂತಾನ, ಮದುವೆ, ಕಾಯಿಲೆ ಎಂದು ಬೇಡಿಕೊಳ್ಳುತ್ತಾರೆ. ನಮ್ಮವರು ಕಣ್ಣು ಮುಚ್ಚಿ ಬಹಳ ಹೊತ್ತು ಕುಳಿತರು. ಕೊಳದ ನೀರಿನಲ್ಲಿ ವೀಳ್ಯದೆಲೆಯೊಂದು ತೇಲಿ ಬಂತು. ಕಣ್ಣಿಗೊತ್ತಿಕೊಂಡು, ಹೊರಗೆ ಬಂದು ನನ್ನ ಕಿವಿಯಲ್ಲಿ ಹೇಳಿದರು:

"ಎಲೆ ಬಂತು ನೋಡಿದ್ರಾ? ಎಲೆ ಅಂದ್ರೆ ಹಗುರ. ಹಗುರ ಇರೋದನ್ನೇ ತಗಾ ಅಂತ ಅಪ್ಪಣೆ."

ಗಂಗಮ್ಮನ ಬಳಿಯೂ ತೂಕದ ವಿಚಾರಣೆ ನಡೆಸಿದ ಭಕ್ತ ಇವರೊಬ್ಬರೇ ಇರಬೇಕು!

ಕೊನೆಗೆ ಹಿರಿಯೂರು. ಅಲ್ಲಿಯ ಅಂಗಡಿಯ ಯಜಮಾನರು ವಯಸ್ಸಾದವರು, ತಾಳ್ಮೆಯವರು. ಅಂಥವರ ತಾಳ್ಮೆಯನ್ನೂ ಷಡ್ಡಕರು ಮೂರನೆಯ ಭೇಟಿಗೆ ಮುಗಿಸಿದರು. ಮೇಜಿನ ಮೇಲೆ ಏಳು ಬ್ಯಾಟರಿ ಯಂತ್ರಗಳು ಸಾಲಾಗಿ ಮಲಗಿದ್ದವು. ಒಂದು ಭಾರ, ಒಂದರ ಹಿಡಿ ದಪ್ಪ, ಒಂದರ ಕುದುರೆ ಬಿಗಿ, ಒಂದು ಶುರುವಿನಲ್ಲೇ ಕೈಯನ್ನು ಎಳೆಯುತ್ತದೆ. ಯಜಮಾನರು ಕನ್ನಡಕ ತೆಗೆದಿಟ್ಟರು.

"ಅಲ್ರೀ, ನಿಮ್ ಕೈ ನೋಡಿದ್ರೆ ಗುದ್ದಲಿ ಹಿಡಿ ಇದ್ದಂಗೈತೆ. ಈ ಕೈಗೆ ಯಾವುದು ದಪ್ಪ, ಯಾವುದು ಭಾರ?"

"ನನ್ ಕೈಗಲ್ರೀ" ಎಂದರು ಷಡ್ಡಕರು.

"ಮತ್ಯಾರಿಗೆ?"

"ಮನೇಲಿ ಅವಳಿಗೆ."

ನಾನು ಬೆಂಚಿನ ಮೇಲೆ ಕುಳಿತು ಪೇಪರ್ ಓದುತ್ತಿದ್ದವನು ತಲೆಯೆತ್ತಿದೆ. ಷಡ್ಡಕರು ನನ್ನ ಕಡೆ ನೋಡದೆ, ಏನೋ ಕಳ್ಳತನ ಒಪ್ಪಿಕೊಳ್ಳುವವರಂತೆ ಹೇಳುತ್ತಾ ಹೋದರು. "ಮುರಿದ ಕೈ ಅದು. ಎರಡು ಕೆ.ಜಿ. ತನಕ ಎತ್ತುತಾಳೆ. ಅದರ ಮ್ಯಾಲೆ ಹೋದ್ರೆ ಮಣಿಕಟ್ಟು ನಡುಗ್ತದೆ."

"ಅದ್ಹೆಂಗೆ ಅಷ್ಟು ಕರೆಕ್ಟಾಗಿ ಹೇಳ್ತೀರಿ?"

"ದಿನಾ ನೀರು ಕೇಳ್ತೀನಲ್ರಿ. ಮೊದಲು ಲೋಟದಾಗೆ ಕೊಡು ಅಂತಿದ್ದೆ. ಆಮೇಲೆ ಚೆಂಬಿನಾಗೆ. ಆಮೇಲೆ ದೊಡ್ಡ ಚೆಂಬಿನಾಗೆ. ಬಲಗೈಯಾಗೆ ಕೊಡೇ, ಎಡಗೈಯಾಗೆ ಕೊಡೋದು ಅಪಶಕುನ ಅಂತ ಜಗಳ ತೆಗೀತೀನಿ. ಅವಳು ಈಯಪ್ಪಂಗೆ ಶುಗರ್ ಬಂದೈತೆ ಅಂದ್ಕಂಡು ಡಾಕ್ಟ್ರತ್ರ ಹೋಗಾಣ ಅಂತ ಕುಂತವಳೆ."

ಯಜಮಾನರು ಕನ್ನಡಕವನ್ನು ಒರೆಸಿಕೊಂಡು ಮತ್ತೆ ಹಾಕಿಕೊಂಡರು. "ಒಂದ್ಸಲ ಕರ್ಕೊಂಡು ಬರ್ರಿ ಅವರನ್ನ" ಎಂದಷ್ಟೇ ಹೇಳಿದರು.

ಮುಂದಿನ ವಾರ ಹಿರಿಯೂರಿನಲ್ಲಿ ಯಾರದೋ ಗೃಹಪ್ರವೇಶವಿದೆ ಎಂದು ಸುಳ್ಳು ಹೇಳಿ ಅತ್ತಿಗೆಯನ್ನು ಹೊರಡಿಸಿದರು. ರೇಷ್ಮೆ ಸೀರೆ ಉಟ್ಟುಕೊಂಡು ಬಂದ ಅತ್ತಿಗೆ ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಂತು, "ಇಲ್ಲಿ ಯಾರದ್ರೀ ಗೃಹಪ್ರವೇಶ?" ಎಂದರು.

"ನಿಂದೇ. ಒಳಗೆ ಬಾ."

ಯಜಮಾನರು ಯಂತ್ರಗಳನ್ನು ಒಂದೊಂದಾಗಿ ಕೊಟ್ಟರು. ಅತ್ತಿಗೆ ಮೊದಲು "ನಂಗ್ಯಾಕಪ್ಪ" ಎಂದರು. ಎರಡನೆಯದನ್ನು ಹಿಡಿದಾಗ ಸೆರಗು ಸೊಂಟಕ್ಕೆ ಹೋಯಿತು. ನಾಲ್ಕನೆಯದನ್ನು ಆ ಜಂಗಿನ ಹಲಗೆಗೆ ಒತ್ತಿದರು. ಒಂದು, ಎರಡು, ಮೂರು, ನಾಲ್ಕು ನಟ್ಟು ಬಂದವು. ಐದನೆಯದು ಬರಲಿಲ್ಲ.

"ಇದು" ಎಂದರು ಅತ್ತಿಗೆ. ಎಂಟು ತಿಂಗಳ ಕೆಲಸ ಎರಡು ನಿಮಿಷಕ್ಕೆ ಮುಗಿಯಿತು.

ನಾನು ಷಡ್ಡಕರನ್ನು ಕೆಣಕಿದೆ. "ನಾಲ್ಕೇ ಬಂತಲ್ರೀ. ಐದೂ ಕಡ್ಡಾಯ ಅಂದಿದ್ರಿ?"

"ಒಂದನ್ನ ನಾನು ಬಿಚ್ತೀನಿ ಬಿಡ್ರಿ" ಎಂದರು.

ಮರುದಿನ ಬೆಳಿಗ್ಗೆ ನಾನು ಹೊಳಲ್ಕೆರೆಯಲ್ಲೇ ಇದ್ದೆ. ಯಂತ್ರಕ್ಕೆ ಅರಿಶಿನ ಕುಂಕುಮ ಆಗಿತ್ತು. ತುರುವನೂರು ಕಡೆಯ ಈರುಳ್ಳಿ ತುಂಬಿದ ಟ್ರ್ಯಾಕ್ಟರೊಂದು ಟ್ರೇಲರಿನ ಟೈರು ಚಪ್ಪಟೆ ಮಾಡಿಕೊಂಡು ಬಂದು ನಿಂತಿತು. ಅತ್ತಿಗೆ ಒಲೆ ಆರಿಸಿ ಹೊರಗೆ ಬಂದರು. ಎಷ್ಟೋ ತಿಂಗಳ ಮೇಲೆ ಆ ಹೊಸಿಲು ದಾಟಿದ್ದರು. ಕುಕ್ಕರಗಾಲಿನಲ್ಲಿ ಕುಳಿತು ಯಂತ್ರವನ್ನು ನಟ್ಟಿಗೆ ಇಟ್ಟರು. ಕಟಕಟಕಟಕಟ! ಇಡೀ ರಸ್ತೆ ತಿರುಗಿ ನೋಡಿತು. ಒಂದು ನಟ್ಟು ಕಳಚಿ ಅವರ ಅಂಗೈಗೆ ಬಂತು. ಇನ್ನೊಂದು. ಮತ್ತೊಂದು. ಡ್ರೈವರು, "ಏನ್ ಅಮ್ಮಾರೇ, ಮಿಷನ್ ಗನ್ ಹಿಡ್ಕಂಡು ಬಂದೀರಲ್ರೀ!" ಎಂದು ಚಪ್ಪಾಳೆ ತಟ್ಟಿದ. ಅತ್ತಿಗೆ ಮುಖದ ಮೇಲೆ ಬಂದ ಕೂದಲನ್ನು ಮೊಣಕೈಯಿಂದ ಸರಿಸಿಕೊಂಡು ನಕ್ಕರು.

ಷಡ್ಡಕರು ಎಲ್ಲಿ ಎಂದು ನೋಡಿದರೆ ಅಲ್ಲಿಲ್ಲ. ಇಂಥ ಹೊತ್ತಿನಲ್ಲಿ ಸಲಹೆ ಕೊಡದೆ ಇರುವ ಆಸಾಮಿಯೇ ಅಲ್ಲವಲ್ಲ! ರೇಗಿಸೋಣವೆಂದು ಟ್ರೇಲರಿನ ಹಿಂದಕ್ಕೆ ಹೋದೆ. ಈರುಳ್ಳಿ ಮೂಟೆಗಳಿಗೆ ಹಣೆ ಒತ್ತಿಕೊಂಡು ನಿಂತಿದ್ದರು. ನನ್ನ ಹೆಜ್ಜೆ ಸದ್ದಿಗೆ ತಿರುಗಿದರು.

"ಈರುಳ್ಳಿ ಘಾಟು ಮೇಷ್ಟ್ರೇ" ಎಂದರು. ಹಣೆಗಂಟಿದ ಈರುಳ್ಳಿ ಸಿಪ್ಪೆ ತೆಗೆದುಕೊಂಡು, "ಅವತ್ತು ಬಿದ್ದಳಲ್ಲ, ಕೈ ಮುರಿದಾಗ ಟಕ್ ಅಂತ ಒಂದು ಸದ್ದು ಬಂತು. ನಾನೇ ಬಾ ಅಂತ ಕರೆದಿದ್ದೆ ಅವಳನ್ನ. ಅವತ್ತಿನಿಂದ ಅದೇ ಸದ್ದು ಕಿವಿಯಾಗೆ. ಉಣ್ಣಾಕೆ ಕುಂತ್ರೂ ಅದೇ, ಬಸ್ಸಿನಾಗೂ ಅದೇ..." ಎಂದರು.

ಆ ಕಡೆ ಯಂತ್ರ ಮತ್ತೆ ಕಟಕಟಿಸಿತು. ಅವರು ಕತ್ತು ಓರೆ ಮಾಡಿ ಆಲಿಸಿದರು.

"ಈಗ ಕೇಳ್ತಿಲ್ಲ" ಎಂದರು.

ಅಷ್ಟರಲ್ಲಿ ಮುಂದಿನಿಂದ ಅತ್ತಿಗೆಯ ದನಿ ಬಂತು. "ರೀ, ಎಲ್ಲಿ ಹೋದ್ರಿ? ಒಂದು ನಟ್ಟು ಬರವಲ್ದು. ಬರ್ರಿ!"

"ಬಂದೆ ಕಣೇ" ಎಂದು ಷಡ್ಡಕರು ಗ್ರೀಸಿನ ಬಟ್ಟೆಯಲ್ಲೇ ಮುಖ ಒರೆಸಿಕೊಂಡು, ಮೂಗಿನವರೆಗೂ ಕಪ್ಪಾಗಿ, ಓಡಿದರು.