ಸಾಲ ಕೊಡುವವರು ಊಟಕ್ಕೆ ಬಂದಾಗ

ಹೆದರಿಕೆ ಕೆಲವರಿಗೆ ಜ್ವರದ ಹಾಗೆ, ಬಂದು ಹೋಗುತ್ತದೆ. ನನಗೆ ಅದು ಮನೆಯಲ್ಲೇ ಉಳಿದುಬಿಟ್ಟ ನೆಂಟರ ಹಾಗೆ. ಬೆಳಿಗ್ಗೆ ನಾನು ಏಳುವ ಮೊದಲೇ ಎದ್ದು ಕೂತಿರುತ್ತದೆ. ಪೋಸ್ಟ್‌ಮ್ಯಾನ್ ನಮ್ಮ ಗೇಟಿನ ಮುಂದೆ ಸೈಕಲ್ ನಿಧಾನ ಮಾಡಿದರೆ, ಕುಕ್ಕರು ಕೂಗಲು ತಡ ಮಾಡಿದರೆ, ಕೂಗಿದರೂ, ನನ್ನ ಎದೆ ಹೊಡೆದುಕೊಳ್ಳುತ್ತದೆ. ನಾನು ಚಿತ್ರದುರ್ಗದ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿಯ ಸಿಸ್ಟರುಗಳು ಚಮಚ ಹಿಡಿಯುವುದನ್ನು, ರಜಾ ಅರ್ಜಿ ಬರೆಯುವುದನ್ನು, ಸದ್ದಾಗದಂತೆ ಬಾಗಿಲು ಮುಚ್ಚುವುದನ್ನು ಕಲಿಸಿದರು. ಹಣ ಕೇಳುವುದನ್ನು ಮಾತ್ರ ಕಲಿಸಲಿಲ್ಲ. ಒಳ್ಳೆಯ ಹುಡುಗಿಯರಿಗೆ ಅದರ ಅಗತ್ಯ ಬೀಳುವುದಿಲ್ಲ ಎಂದು ಅವರ ಎಣಿಕೆ ಇದ್ದಿರಬೇಕು. ಪಾಪ, ಅವರಲ್ಲಿ ಯಾರೂ ಬಾಗಲಗುಂಟೆಯಲ್ಲಿ ಮನೆ ಕಟ್ಟಿಸಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಮನೆಯವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ಜಾಲಹಳ್ಳಿಯ ಬಾಡಿಗೆ ಮನೆಯಲ್ಲಿ ಸುಖವಾಗಿದ್ದ ನಾವು, ಬಾಗಲಗುಂಟೆಯಲ್ಲಿ ಒಂದು ಸೈಟು ತೆಗೆದುಕೊಂಡು, ಸಿಮೆಂಟು ಕಾಯುವ ಸಲುವಾಗಿ ಅದರ ಹತ್ತಿರವೇ ಎರಡು ಕೋಣೆಯ ಮನೆಗೆ ಬಂದು ಸೇರಿದ್ದೆವು. ಸುತ್ತ ಎಲ್ಲೆಲ್ಲೂ ಅರ್ಧ ಎದ್ದ ಗೋಡೆಗಳು. ಮೊನ್ನೆ ಮೊನ್ನೆಯವರೆಗೆ ರಾಗಿ ಹೊಲವಾಗಿದ್ದ ನೆಲ, ಮನೆ ಆಗಬೇಕೋ ಬೇಡವೋ ಎಂದು ಯೋಚನೆ ಮಾಡುತ್ತಿರುವಂತೆ ಕಾಣುತ್ತಿತ್ತು. ನಮ್ಮ ಗೋಡೆಗಳು ಎದ್ದು, ಸೆಂಟ್ರಿಂಗ್ ಹಲಗೆ ಕೂರಿಸಿ, ಕಂಬಿ ಕಟ್ಟಿ, ಇನ್ನೇನು ಕಾಂಕ್ರೀಟು ಸುರಿದು ತಾರಸಿಯ ಮೋಲ್ಡಿಂಗ್ ಹಾಕಬೇಕು ಅನ್ನುವಾಗ ಕಾರ್ಖಾನೆಯವರು ನಮ್ಮವರನ್ನು ಹೊಸ ಮೆಷೀನಿನ ತರಬೇತಿಗೆ ಪುಣೆಗೆ ಕಳಿಸಿದರು. ಬ್ಯಾಂಕಿನವರು ಸಾಲದ ಮುಂದಿನ ಕಂತನ್ನು ಇಂದು ನಾಳೆ ಅನ್ನುತ್ತಾ, ಒಂದು ದಿನ ಮನೆಯವರ ಸಹಿ ಇರುವ ಇನ್ನೊಂದು ಕಾಗದ ಬೇಕು ಅಂದುಬಿಟ್ಟರು. ಸಹಿ ಪುಣೆಯಲ್ಲಿತ್ತು. ಕಂಬಿ ಬಾಗಲಗುಂಟೆಯಲ್ಲಿತ್ತು. ಮೋಡ ಎರಡರ ನಡುವೆ ಎಲ್ಲೋ ಇದ್ದು, ದಿನವೂ ಸ್ವಲ್ಪ ಸ್ವಲ್ಪ ನಮ್ಮ ಕಡೆಗೇ ಬರುತ್ತಿತ್ತು.

ಮೇಸ್ತ್ರಿ ಹನುಮಂತಪ್ಪ ರಾಯಚೂರಿನ ಕಡೆಯವನು. ಅವನೂ ಅವನ ಜನವೂ ಹೆಸರಘಟ್ಟ ರಸ್ತೆಯ ಬದಿಯ ಕೋಣೆಗಳಲ್ಲಿದ್ದರು. ಅವನು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಮೆಲ್ಲಗೆ ಹೇಳಿದ್ದರಿಂದಲೇ ನನಗೆ ಹೆಚ್ಚು ಭಯವಾಯಿತು. "ಅಕ್ಕಾರ, ವಾರದಾಗ ಮೋಲ್ಡಿಂಗ್ ಆಗಲಿಲ್ಲಂದ್ರ ನಮ್ಮ ಮಂದಿ ಬಿತ್ತಾಕ ಊರಿಗೆ ಹೊಂಟಾರ್ರಿ. ಒಮ್ಮೆ ಹೋದ್ರ ಯಾವಾಗ ಬರ್ತಾರೋ ನನಗೂ ಗೊತ್ತಿಲ್ಲ." ಅಲ್ಲಿಯವರೆಗೆ ಹಲಗೆಯ ಬಾಡಿಗೆ ಏರುತ್ತಲೇ ಇರುತ್ತದೆ, ಕಂಬಿ ತುಕ್ಕು ಹಿಡಿಯುತ್ತದೆ, ಸಿಮೆಂಟು ಕಲ್ಲಾಗುತ್ತದೆ. ಇದನ್ನೆಲ್ಲ ಅವನು ಹೇಳಲಿಲ್ಲ, ನಾನೇ ಹೇಳಿಕೊಂಡೆ. ಸಿಮೆಂಟಿನ ಮೂಟೆಗಳನ್ನು ನಮ್ಮ ಮುಂದಿನ ಕೋಣೆಯಲ್ಲೇ ಜೋಡಿಸಿದ್ದರಿಂದ, ಮಕ್ಕಳ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ನಾನು ದಿನಾ ಎದ್ದ ಕೂಡಲೇ ಒಂದೊಂದು ಮೂಟೆಯನ್ನೂ ಒತ್ತಿ ನೋಡುತ್ತಿದ್ದೆ. ಕೆಳಗಿನ ಸಾಲಿನ ಒಂದು ಮೂಟೆಯ ಮೂಲೆ ಆಗಲೇ ಗಟ್ಟಿಯಾಗಿತ್ತು. ಅದರ ಮೇಲೆ ಹಳೇ ಕಂಬಳಿ ಹೊದಿಸಿದೆ.

ಎಸ್‌ಟಿಡಿ ಬೂತಿಗೆ ಹೋಗಿ ಪುಣೆಗೆ ಫೋನು ಮಾಡಿದೆ. ಆ ಗಾಜಿನ ಗೂಡಿನಲ್ಲಿ ಬಿಲ್ಲಿನ ಕೆಂಪು ಅಂಕಿಗಳು ಓಡುವುದನ್ನು ನೋಡಿದರೆ ನನಗೆ ಮಾತೇ ಹೊರಡುವುದಿಲ್ಲ. ಹೇಗೋ ವಿಷಯ ಒದರಿದೆ. ಅವರು ಎರಡೆರಡು ಸಲ ಹಲೋ ಹಲೋ ಅಂದು, ಆ ಹಲೋಗಳಿಗೂ ಅಂಕಿ ಓಡಿತು, "ನೀನೇ ಏನಾದ್ರೂ ಮಾಡು. ಆದ್ರೆ" ಅಂದರು. ಲೈನು ಹೋಯಿತು. ಮತ್ತೆ ಸಿಗಲಿಲ್ಲ. ಆ 'ಆದ್ರೆ' ಒಂದನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದೆ. ಆದ್ರೆ ಕೈಸಾಲ ಬೇಡ? ಆದ್ರೆ ಅಪ್ಪನ ಹತ್ತಿರ ಕೇಳಬೇಡ? ಆದ್ರೆ ನಿನ್ನಿಂದ ಏನಾಗುತ್ತೆ? ಅವರು ಬಂದ ಮೇಲೆ ಕೇಳಿದರೆ, ಏನು ಹೇಳಹೊರಟಿದ್ದೆನೋ ನೆನಪೇ ಇಲ್ಲ ಅಂದುಬಿಟ್ಟರು.

ಕೊನೆಗೆ ದಾರಿ ತೋರಿಸಿದವನು ಹನುಮಂತಪ್ಪನೇ. ಈ ಲೇಔಟಿನಲ್ಲಿ ಎದ್ದ ಅರ್ಧ ಮನೆಗಳ ತಾರಸಿಗೆ ಮುನಿಯಮ್ಮನವರ ದುಡ್ಡೇ ಬಿದ್ದಿದೆಯಂತೆ. ಮುನಿಯಮ್ಮನವರೆಂದರೆ ಈ ಹೊಲಗಳ ಒಡತಿ. ಹೊಲ ಸೈಟಾಗಿ ಬಂದ ಹಣವನ್ನು ಸೈಟು ಕೊಂಡವರಿಗೇ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೊಡುತ್ತಾರೆ. ಕಾಗದವಿಲ್ಲ, ಸಹಿಯಿಲ್ಲ, ಒಡವೆ ಅಡ ಇಡಬೇಕಾಗಿಲ್ಲ. "ಆಕಿದು ಒಂದೇ ಪದ್ಧತಿ ಐತ್ರಿ. ಮೊದಲ ನಿಮ್ಮ ಮನಿಗೆ ಬಂದು ಉಣ್ತಾಳ. ಉಂಡ ಮ್ಯಾಲೆ ಹೌದು ಅಲ್ಲ ಹೇಳ್ತಾಳ," ಅಂದ.

ನನಗೆ ಆದ ಸಮಾಧಾನ ಹೇಳತೀರದು. ಹಣ ಕೇಳುವುದು ಗೊತ್ತಿಲ್ಲದಿದ್ದರೇನು, ಊಟ ಹಾಕುವುದು ಗೊತ್ತಲ್ಲ. ಮುನಿಯಮ್ಮನವರ ಹಟ್ಟಿಗೆ ಹೋಗಿ, ಕೈಕಟ್ಟಿ ನಿಂತು, ನಾಳೆ ದಯವಿಟ್ಟು ನಮ್ಮ ಮನೆಗೆ ಊಟಕ್ಕೆ ಬರಬೇಕು, ತೊಂದರೆ ಕೊಟ್ಟಿದ್ದಕ್ಕೆ ಸಾರಿ ಅಂದೆ. ಅವರು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಏನಕ್ಕವ್ವ ಸಾರಿ? ಇನ್ನೂ ಏನೂ ಮಾಡೇ ಇಲ್ವಲ್ಲ ನೀನು," ಅಂದರು.

ಮರುದಿನ ನಾನು ಒಂದು ಮದುವೆಗಾಗುವಷ್ಟು ಅಡುಗೆ ಮಾಡಿದೆ. ಶೇಂಗಾ ಹೋಳಿಗೆ, ಎಣ್ಣೆಗಾಯಿ, ಜೋಳದ ರೊಟ್ಟಿ, ಎರಡು ಕೋಸಂಬರಿ, ಚಿತ್ರಾನ್ನ, ಶ್ಯಾವಿಗೆ ಪಾಯಸ. ದ್ರಾಕ್ಷಿ ಗೋಡಂಬಿಗಾಗಿ ಜಾಲಹಳ್ಳಿ ಕ್ರಾಸಿನವರೆಗೆ ನಡೆದಿದ್ದೆ. ಮದುವೆಯಲ್ಲಿ ಬಂದ ಗಾಜಿನ ಲೋಟಗಳನ್ನು ಪೆಟ್ಟಿಗೆಯಿಂದ ತೆಗೆದೆ. ಸಿಮೆಂಟು ಮೂಟೆಗಳ ಮೇಲೆ ಕಸೂತಿ ಹಾಕಿದ ಬಿಳೀ ಬಟ್ಟೆ ಹಾಸಿದೆ. ದೊಡ್ಡ ಹಾಸಿಗೆಯ ಮೇಲೆ ಯಾರೋ ಪೂರಾ ಮುಸುಕೆಳೆದು ಮಲಗಿದಂತೆ ಕಾಣುತ್ತಿತ್ತು. ಮುನಿಯಮ್ಮನವರು ಬಂದರು, ಆ ಬಿಳೀ ಬಟ್ಟೆಯನ್ನು ಎತ್ತಿ ಕೆಳಗೇನಿದೆ ನೋಡಿದರು, ಕೂತರು, ಉಂಡರು. ಹೋಳಿಗೆಗೆ ತುಪ್ಪ ಹಾಕುವಾಗ ಅವರು ನನ್ನ ಮುಖ ನೋಡಲಿಲ್ಲ, ಚಮಚ ನೋಡಿದರು. ಇಷ್ಟೇ ಏನು ಅಂದುಕೊಂಡಿರಬೇಕು ಎಂದು ಇನ್ನೆರಡು ಚಮಚ ಸುರಿದೆ.

ಉಂಡಾದ ಮೇಲೆ ಕೈ ತೊಳೆಯುವ ನೆಪದಲ್ಲಿ ಒಳಗೆ ಹೋದರು. ಹಿಂದೆ ಹೋಗಿ ನೋಡಿದರೆ, ಕಸದ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ನಾನು ಎಸೆದಿದ್ದ ಕೊತ್ತಂಬರಿ ಕಡ್ಡಿಗಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ನನಗೆ ಶಾಲೆಯಲ್ಲಿ ಉಗುರು ತಪಾಸಣೆಯ ದಿನ ನೆನಪಾಯಿತು.

"ಊಟ ಸಂದಾಗಿತ್ತು ಕಣವ್ವ," ಅಂದರು ಎದ್ದು. "ದುಡ್ಡು ಕೊಡಕಾಗಕಿಲ್ಲ."

ನಾನು ಥ್ಯಾಂಕ್ಸ್ ಅಂದೆ. ಮೊದಲರ್ಧಕ್ಕೆ ಅಂದಿದ್ದು, ಎರಡನೆಯದು ಕಿವಿಗೆ ಬೀಳುವಷ್ಟರಲ್ಲಿ ಬಾಯಿಂದ ಹೊರಟುಹೋಗಿತ್ತು. ಅವರಿಗೆ ಪಾಪ ಅನ್ನಿಸಿರಬೇಕು. ಹೊಸಿಲ ಹತ್ತಿರ ನಿಂತು ಬಿಡಿಸಿ ಹೇಳಿದರು. "ಬ್ಯಾಸರ ಮಾಡ್ಕಬ್ಯಾಡ. ಸಾಲ ಕೇಳೋವಾಗ್ಲೇ ಇಂಗೆ ಇಕ್ಕೋಳು, ಸಾಲ ಈಸ್ಕೊಂಡ್ ಮ್ಯಾಕೆ ಎಂಗೆ ಇಕ್ತಾಳೋ ಅಂತ ನಂಗೆ ಬಯ ಆಯ್ತದೆ. ಮಣ್ಣು ಮಾರಿದ್ ದುಡ್ಡು ಕಣವ್ವ ಅದು. ವೋದ್ರೆ ತಿರುಗಾ ಬೆಳೆಯಾಕಿಲ್ಲ."

ಅವರಿಗೂ ಭಯವಿರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಹೆದರುವವರು ಊರಿಗೆಲ್ಲ ನಾನೊಬ್ಬಳೇ ಎಂಬ ಜಂಬ ಇತ್ತು ಅಂತ ಕಾಣುತ್ತದೆ. ಉಳಿದ ಹೋಳಿಗೆಗಳನ್ನು ಒಂದು ಸ್ಟೀಲ್ ಡಬ್ಬಿಗೆ ತುಂಬಿ ಅವರ ಕೈಗೆ ಕೊಟ್ಟೆ. ಬೇಡ ಎನ್ನಲಿಲ್ಲ. ಆದರೆ ಡಬ್ಬಿ ಹಿಡಿದು, ನಾನು ಇನ್ನೂ ಕೆಳಗೆ ಇಳಿದೆನೇನೋ ಅನ್ನುವಂತೆ ತಲೆಯಾಡಿಸಿಕೊಂಡು ಹೋದರು.

ಆಮೇಲಿನದು ಅಳುವ ಹೊತ್ತು. ಅದನ್ನು ವರ್ಣಿಸುವುದಿಲ್ಲ. ಮರುದಿನ ಮೋಡ ಪೀಣ್ಯದ ಚಿಮಣಿಗಳವರೆಗೆ ಬಂದು ನಿಂತಿತ್ತು. ಹನುಮಂತಪ್ಪ ಎರಡು ಸಲ ಬಂದು, ಮೋಡ ನೋಡಿ, ನೀರು ಕುಡಿದು ಹೋದ. ಅಪ್ಪನಿಗೆ ಕಾಗದ ಬರೆಯೋಣವೆಂದು ಕೂತೆ. 'ತೀರ್ಥರೂಪರವರಿಗೆ' ಆದ ಮೇಲೆ ಮುಂದೆ ಹೋಗಲಿಲ್ಲ. ಈ ಸೈಟು ಬೇಡವೆಂದಿದ್ದವರು ಅವರೇ. ಅತ್ತೂ ಹೆದರಿಯೂ ಮುಗಿದ ಮೇಲೆ ಹಸಿವಾಯಿತು. ಹಿಂದಿನ ದಿನದ ರೊಟ್ಟಿ ಒಣಗಿ ಹಪ್ಪಳವಾಗಿತ್ತು. ಮುರಿದು, ಉಳಿದ ಸಾರಿನಲ್ಲಿ ಬೇಯಿಸಿ, ಮೇಲೊಂದು ಒಗ್ಗರಣೆ ಕೊಟ್ಟೆ. ಹೀರೆಕಾಯಿ ಸಿಪ್ಪೆ ಎತ್ತಿಟ್ಟಿದ್ದೆ, ಹುರಿದು ಚಟ್ನಿ ಅರೆದೆ. ಮನೆಯಲ್ಲಿ ನಾನೊಬ್ಬಳೇ ಇರುವಾಗ ನನ್ನ ಊಟ ಯಾವತ್ತೂ ಹೀಗೇ. ಇದನ್ನು ಯಾರ ಮುಂದಾದರೂ ಉಣ್ಣುವುದೆಂದರೆ ಬರೀ ಒಳಲಂಗದಲ್ಲಿ ಬೀದಿಗೆ ಬಂದ ಹಾಗೆ. ತಟ್ಟೆ ಹಿಡಿದು ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಹಿಂದಿನ ಬಾಗಿಲಲ್ಲಿ ನೆರಳು ಬಿತ್ತು. ಮುನಿಯಮ್ಮನವರು ಡಬ್ಬಿ ವಾಪಸು ಕೊಡಲು ಬಂದಿದ್ದರು. ಬರಿ ಡಬ್ಬಿ ಕೊಡಬಾರದೆಂದು ಅದರ ತುಂಬ ರಾಗಿ ಹಿಟ್ಟು.

ನಾನು ತಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿದೆ. ಮೂವತ್ತು ದಾಟಿದ ಹೆಂಗಸು, ತನ್ನ ಅಡುಗೆಮನೆಯಲ್ಲೇ, ಕದ್ದು ತಿನ್ನುವ ಮಗುವಿನ ಹಾಗೆ.

"ಏನದು? ತೆಗಿ ಈಚ್ಗೆ."

ತೆಗೆದೆ. ಅವರು ನನ್ನ ಎದುರು ಕೂತು, ಚಟ್ನಿಗೆ ಬೆರಳಿಟ್ಟು ನೆಕ್ಕಿ ನೋಡಿದರು. ಯಾವುದರದ್ದು ಅಂದರು. ಹೀರೆಕಾಯಿ ಸಿಪ್ಪೆ ಅಂದೆ. ಯಾರು ಕಲಿಸಿದರು ಅಂದರು. ನಮ್ಮಜ್ಜಿ ಅಂದೆ. ದಿನಾ ಇದನ್ನೇ ಉಣ್ಣುತ್ತೀಯಾ ಅಂದರು. ಇವರು ಊರಲ್ಲಿಲ್ಲದಾಗ ಅಂದೆ, ಪಾಪ ನಿವೇದನೆ ಮಾಡುವವಳ ಹಾಗೆ ತಲೆ ತಗ್ಗಿಸಿ.

"ನೆನ್ನೆ ಇದುನ್ನ ಇಕ್ಕಕೆ ಏನಾಗಿತ್ತವ್ವ ನಿಂಗೆ? ನಂಗೆ ವೊಟ್ಟೆ ಬಾರ ಆಗಾದೂ ತಪ್ತಿತ್ತು." ಎದ್ದು ಸೆರಗು ಕೊಡವಿಕೊಂಡರು. "ನಾಳಿಕ್ ಬಂದು ದುಡ್ಡು ಈಸ್ಕೊಂಡ್ ವೋಗು. ನಿನ್ ಅಡಿಗೆಮನೆ ಬರೋ ಜಾಗ್ದಾಗೆ ನಮ್ ರಾಗಿ ಕಣ ಇತ್ತು. ನೀರು ನಿಲ್ಲಬಾರ್ದು ಅಲ್ಲಿ."

ಮೋಲ್ಡಿಂಗ್ ಆಯಿತು. ಕಾಂಕ್ರೀಟು ಬಿಗಿದುಕೊಂಡ ಮೇಲೆ, ಮರುದಿನ, ಮಳೆ ಹುಯ್ಯಿತು. ನಾನು ಕೊಡೆ ಹಿಡಿದು ಓಡಿದೆ, ತಾರಸಿಗೆ ಕೊಡೆ ಹಿಡಿಯುತ್ತೇನೋ ಅನ್ನುವ ಹಾಗೆ. ಹನುಮಂತಪ್ಪ ಗೋಣಿಚೀಲ ಹೊದ್ದು ನಗುತ್ತಾ ನಿಂತಿದ್ದ. ನಾವು ಹಾಕಬೇಕಾದ ನೀರನ್ನು ದೇವರೇ ಹಾಕುತ್ತಿದ್ದಾನೆ ಅಂದ. ಆಗಲೇ ಅವನು ಇನ್ನೊಂದು ಸಂಗತಿಯನ್ನೂ ಹೇಳಿದ್ದು. ಹಿಂದಿನ ಬೀದಿಯವನೊಬ್ಬ ಮುನಿಯಮ್ಮನವರಿಗೆ ಬರೀ ಗಂಜಿ ಉಪ್ಪು ಬಡಿಸಿ, ಅವರ ಕಣ್ಣಲ್ಲಿ ನೀರು ಬರಿಸಿ, ಹಣ ತೆಗೆದುಕೊಂಡು ರಾತ್ರೋರಾತ್ರಿ ಜಿಗಣಿಯ ಕಡೆ ಓಡಿಹೋಗಿದ್ದನಂತೆ. ಪರೀಕ್ಷೆ ಇಂಥದ್ದು ಎಂದು ಮೊದಲೇ ಯಾಕೆ ಹೇಳಲಿಲ್ಲ ಅಂದೆ. "ನೀವು ಕೇಳಲಿಲ್ಲಲ್ರಿ ಅಕ್ಕಾರ," ಅಂದ.

ಸಾಲ ಸಿಕ್ಕ ಮೇಲೆ ಹೆದರಿಕೆ ಹೋಗುತ್ತದೆ ಎಂದುಕೊಂಡಿದ್ದೆ. ಅದು ಹೊರಗಿನ ಕೋಣೆಯಿಂದ ಅಡುಗೆಮನೆಗೆ ಬಂತು ಅಷ್ಟೇ. ಮುನಿಯಮ್ಮನವರು ದಿನಾ ಸಂಜೆ ಹಸು ಹೊಡೆದುಕೊಂಡು ನಮ್ಮ ಬೀದಿಯಲ್ಲೇ ಹೋಗುತ್ತಿದ್ದರು. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಎಣ್ಣೆ ಕಾಯುವಂತಿಲ್ಲ. ಹಪ್ಪಳ ಸುಟ್ಟು ತಿಂದೆ. ಕಸದ ಬುಟ್ಟಿಯನ್ನು ಹೊರಗಿಡುವ ಮೊದಲು ಮೇಲೆ ಕಾಣುವಂತೆ ಬರೀ ಬೂದಿ ಹರಡುತ್ತಿದ್ದೆ. ಪುಣೆಯಿಂದ ಬಂದ ಮನೆಯವರು ತಾರಸಿ ನೋಡಿ ಕಣ್ಣರಳಿಸಿ, ಕೈಸಾಲದ ಕಥೆ ಕೇಳಿ ಅರ್ಧ ನಕ್ಕು, ಇವತ್ತು ಬೋಂಡ ಮಾಡು ಅಂದರು. ಕಿಟಕಿ ಮುಚ್ಚಿ ಮಾಡಿಕೊಟ್ಟೆ. ಹೊಗೆಯಲ್ಲಿ ಇಬ್ಬರೂ ಕೆಮ್ಮುತ್ತಾ ತಿಂದೆವು. ಅವರು ಸಹಿ ಹಾಕಿದರು, ಬ್ಯಾಂಕಿನವರು ಕೊಟ್ಟರು, ನಾನೇ ಹೋಗಿ ಬಡ್ಡಿ ಸಮೇತ ತೀರಿಸಿ ಬಂದೆ. ಬರುತ್ತಾ ಗೃಹಪ್ರವೇಶಕ್ಕೆ ಕರೆದೆ. ಕರೆಯದೆ ಹೇಗೆ?

ಗೃಹಪ್ರವೇಶದ ದಿನ ಮೊದಲ ಪಂಕ್ತಿಯಲ್ಲೇ ಮುನಿಯಮ್ಮನವರು. ಅವರ ಎದುರು ದಾವಣಗೆರೆಯಿಂದ ಬಂದ ನನ್ನ ಸೋದರತ್ತೆ, ಪಕ್ಕದಲ್ಲಿ ಕಾರ್ಖಾನೆಯ ಮ್ಯಾನೇಜರರ ಹೆಂಡತಿ. ತುಪ್ಪದ ಪಾತ್ರೆ ಹಿಡಿದು ನಾನು ಹೊರಟೆ. ಮುನಿಯಮ್ಮನವರು ಮತ್ತೆ ಚಮಚವನ್ನೇ ನೋಡುತ್ತಿದ್ದರು. ಚಮಚವನ್ನು ಅರ್ಧಕ್ಕೇ ತಡೆದೆ. ಮ್ಯಾನೇಜರರ ಹೆಂಡತಿಗೆ ಎರಡು ಹನಿ ಬಿತ್ತು. ಅತ್ತೆಗೆ ಅದೂ ಬೀಳಲಿಲ್ಲ.

"ಏನೇ ಇದು," ಅಂದರು ಅತ್ತೆ, ಪಂಕ್ತಿಗೆಲ್ಲ ಕೇಳುವ ಪಿಸುಮಾತಿನಲ್ಲಿ, "ತುಪ್ಪ ಬಡಿಸ್ತಿದೀಯೋ, ತೋರಿಸ್ಕೊಂಡು ಹೋಗ್ತಿದೀಯೋ?"

ಮುನಿಯಮ್ಮನವರು ಮಾತ್ರ ಎಲೆಯನ್ನು ಚೊಕ್ಕಟವಾಗಿ ಬಳಿದು, ಬಲು ಅಚ್ಚುಕಟ್ಟು ಅಂತ ಹೊಗಳಿ ಹೋದರು. ದಾವಣಗೆರೆಯಲ್ಲಿ ಇವತ್ತಿಗೂ ನನ್ನನ್ನು ಕೈಬಿಗಿಯವಳು ಅನ್ನುತ್ತಾರೆ. ಅಂದು ಸಂಜೆ, ಸಾಲವೆಲ್ಲ ತೀರಿತಲ್ಲ, ಇನ್ನೂ ಯಾಕೆ ಅವರಿಗೆ ಹೆದರುತ್ತೀಯ ಎಂದು ಮನೆಯವರು ಕೇಳಿದರು. ಅಭ್ಯಾಸವಾಗಿಬಿಟ್ಟಿದೆ ಅಂದೆ. ನಾವಿಬ್ಬರೂ ಆಗ ಹೊಸ ತಾರಸಿಯ ಮೇಲೆ ಕೂತಿದ್ದೆವು. ಮಹಡಿಗೆಂದು ಬಿಟ್ಟ ಕಂಬಿಗಳು ನಾಲ್ಕು ಮೂಲೆಯಲ್ಲೂ ಆಕಾಶ ನೋಡುತ್ತಾ ನಿಂತಿದ್ದವು. ಮಹಡಿ ಕಟ್ಟುವಾಗ ಬ್ಯಾಂಕಿನವರು ಇನ್ಯಾವ ಕಾಗದ ಕೇಳುತ್ತಾರೋ ಯಾರಿಗೆ ಗೊತ್ತು.